ಇನಾರಿ ಸರೋವರದ ಮೇಲೆ ಹಿಮಬಂಡಿಯ ವಿಹಾರ

ಸಂಸ್ಕೃತದೊಡನೆ ಭೂಗೋಳವನ್ನೂ ಹೇಳಬೇಕಾಗಿದ್ದ ಸಣ್ಣ ಶಾಲೆಯೊಂದರಲ್ಲಿ ನಾವು ಬಹುಕಾಲ ಉಪಾಧ್ಯಾಯರಾಗಿದ್ದೆವು. ಗೋಳದ ಮೇಲೆ ಉತ್ತರ ಧ್ರುವವೃತ್ತವೆಂಬ ಗೆರೆಯನ್ನು ಬೆರಳಿನಿಂದ ತೋರಿಸಿ, "ಇದರಾಚೆಗೆ ಚಳಿಗಾಲದಲ್ಲಿ ಕೆಲವು ದಿನ ಸೂರ್ಯನು ಹುಟ್ಟುವುದೇ ಇಲ್ಲ" ಎಂದು ಎಷ್ಟೋ ಸಲ ಹೇಳಿದುದುಂಟು. ಹುಡುಗರು ಬರೆದುಕೊಂಡರು; ಪರೀಕ್ಷೆಯಲ್ಲಿ ಒಪ್ಪಿಸಿದರು. ಆ ಕಾಲದಲ್ಲಿ ಅಲ್ಲಿಯ ಜನರು ಹೇಗೆ ನಡೆದಾಡುವರು, ಮಧ್ಯಾಹ್ನವು ಹೇಗಿರುವುದು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನಮಗೂ ತಿಳಿದಿರಲಿಲ್ಲ. ಮಗಳೂ ಅಳಿಯಂದಿರೂ ಫಿನ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಕಾರಣದಿಂದ, ಜನವರಿಯ ಮೊದಲ ವಾರದಲ್ಲಿ ಆ ಗೆರೆಯನ್ನು ದಾಟುವ ಯೋಗವು ನಮಗೂ ನಮ್ಮ ಮನೆಯವರಿಗೂ ಒದಗಿಬಂದಿತು.

ಹೆಲ್ಸಿಂಕಿ ಪಟ್ಟಣದಿಂದ ಇವಾಲೋ ಎಂಬ ಊರಿಗೆ ವಿಮಾನದಲ್ಲಿ ಒಂದೂವರೆ ಗಂಟೆಯ ಪ್ರಯಾಣ. ಅಲ್ಲಿಂದ ಸುಮಾರು ೪೦ ಕಿಲೋಮೀಟರು ಉತ್ತರಕ್ಕೆ ಹೋದರೆ ಇನಾರಿ ಗ್ರಾಮ. ಅದು ಹೆಚ್ಚುಕಡಿಮೆ ೬೯ನೆಯ ಅಕ್ಷಾಂಶದಲ್ಲಿದೆ. ಡಿಸೆಂಬರ್ ಮೊದಲಲ್ಲಿ ಮುಳುಗಿದ ಸೂರ್ಯನು ಅಲ್ಲಿ ಮತ್ತೆ ತಲೆಯೆತ್ತುವುದು ಜನವರಿ ಎರಡನೆಯ ವಾರದ ಹೊತ್ತಿಗೆ. ಈ ಅವಧಿಗೆ ಫಿನ್ನರು ಕಾಮೋಸ್ ಎಂದು ಹೆಸರಿಟ್ಟಿದ್ದಾರೆ. ಹಗಲಿರುಳೂ ಗವಿಯೊಳಗಿನ ಕತ್ತಲೆಯೆಂದು ನಾವು ಊಹಿಸಿದ್ದೆವು, ಅದು ತಪ್ಪು. ಬೆಳಗ್ಗೆ ಹತ್ತರ ಸುಮಾರಿಗೆ ಹಿಮವೆಲ್ಲ ನೀಲಿಯಾಗುತ್ತದೆ. ಮಧ್ಯಾಹ್ನಕ್ಕೆ ದಕ್ಷಿಣದಿಗಂತದಲ್ಲಿ ಕುಂಕುಮವನ್ನು ತೇಯ್ದಂತೆ ಒಂದು ಪಟ್ಟಿ ಮೂಡಿ, ಸೂರ್ಯನು ಈಗ ಬಂದಾನು, ಇನ್ನೇನು ಬಂದಾನು ಎನ್ನುವಂತೆ ಮಾಡಿ, ಬಾರದೆ, ಹಾಗೆಯೇ ಬಾಡಿಹೋಗುತ್ತದೆ. ಲೋಕಮಾನ್ಯ ತಿಲಕರು ೧೯೦೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಋಗ್ವೇದದ ಉಷಸ್ಸೂಕ್ತಗಳಲ್ಲಿ ಬರುವ ದೀರ್ಘವಾದ ಅರುಣೋದಯವನ್ನು ಆಧಾರವಾಗಿಟ್ಟುಕೊಂಡು, ಆರ್ಯರ ಮೂಲನೆಲೆ ಧ್ರುವಪ್ರದೇಶವೆಂದು ವಾದಿಸಿದರಷ್ಟೆ. ವಿದ್ವಾಂಸರು ಆ ಮತವನ್ನು ಒಪ್ಪಿಲ್ಲ. ದಿನಗಟ್ಟಲೆ ಬೆಳೆಯುವ ಉಷಸ್ಸು ಬೇಕಾದರೆ ಧ್ರುವಕ್ಕೆ ಇನ್ನೂ ಬಹಳ ಸಮೀಪ ಹೋಗಬೇಕು, ಇನಾರಿಯಲ್ಲಿ ದೊರೆಯುವುದು ನಾಲ್ಕೈದು ಗಂಟೆಯದು ಮಾತ್ರ. ಆದರೂ ಆ ಬೆಳಕಿನಲ್ಲಿ ನಿಂತಾಗ, ಆ ದೇಶವನ್ನು ಕಣ್ಣಿನಿಂದ ಕಾಣದೆ ಪುಣೆಯ ವಿದ್ವಾಂಸರೊಬ್ಬರು ಅಷ್ಟು ದೂರ ಊಹಿಸಿದ ಧೈರ್ಯಕ್ಕೆ ಮನಸ್ಸಿನಲ್ಲಿಯೇ ನಮಸ್ಕಾರ ಮಾಡಿದೆವು.

ಸ್ನೋಮೊಬೈಲ್ ಎಂಬ ಹಿಮಬಂಡಿಯಲ್ಲಿ ಮೂರು ಗಂಟೆಯ ವಿಹಾರವನ್ನು ಅಳಿಯಂದಿರು ಮೊದಲೇ ಗೊತ್ತುಮಾಡಿದ್ದರು. "ಮಾವ, ಇದು ಹೊಸಬರಿಗೆಂದೇ ಇರುವುದು. ಮಾರ್ಗದರ್ಶಿ ಜೊತೆಯಲ್ಲಿರುತ್ತಾರೆ, ಹೆದರಬೇಕಾದುದಿಲ್ಲ" ಎಂದರು. ಚಾಲನಾಪತ್ರವಿಲ್ಲದವರು ನಡೆಸುವಂತಿಲ್ಲ, ಹಿಂದೆ ಕುಳಿತುಕೊಳ್ಳಬಹುದು. ನಮ್ಮಲ್ಲಿ ಕಾರಿನ ಚಾಲನಾಪತ್ರವಿದ್ದುದರಿಂದ ಸಾರಥ್ಯವು ನಮಗೆ ಬಂದಿತು. ನಮ್ಮ ಮನೆಯವರು ಹಿಂದೆ. ಇನ್ನೊಂದು ಬಂಡಿಯಲ್ಲಿ ಮಗಳೂ ಅಳಿಯಂದಿರೂ, ಮತ್ತೆರಡರಲ್ಲಿ ಬೇರೆ ದೇಶದ ಪ್ರವಾಸಿಗಳು.

ಅಂದು ಸೊನ್ನೆಗಿಂತ ೨೪ ಡಿಗ್ರಿ ಕೆಳಗಿನ ಚಳಿ. ಬಂಡಿ ಓಡುವಾಗ ಗಾಳಿಯು ಅದನ್ನು ಇನ್ನೂ ಹರಿತಮಾಡುವುದರಿಂದ, ಕೊರಳಿನಿಂದ ಹರಡಿನವರೆಗೆ ಒಂದೇ ಆದ ದಪ್ಪ ಉಡುಪು, ಒಳಗೆ ಕಂಬಳಿಯಂಥ ಅಸ್ತರಿನ ಬೂಟು, ಕೈಗವುಸು, ಕಣ್ಣೆರಡನ್ನು ಬಿಟ್ಟು ಮುಖವನ್ನೆಲ್ಲ ಮುಚ್ಚುವ ಟೊಪ್ಪಿಗೆ, ಅದರ ಮೇಲೆ ಹೆಲ್ಮೆಟ್ಟು, ಇಷ್ಟನ್ನೂ ಅವರೇ ಕೊಟ್ಟರು. ಸೀರೆಯನ್ನು ಮಡಿಸಿಟ್ಟು ಮಗಳ ಉಣ್ಣೆಯ ಷರಾಯಿಯ ಮೇಲೆ ಇದನ್ನೆಲ್ಲ ತೊಟ್ಟ ನಮ್ಮ ಮನೆಯವರು ಕನ್ನಡಿಯನ್ನು ನೋಡಿ, "ಬಯಲಾಟದ ವೇಷವೇ ಸರಿ, ಚಂಡೆಯೊಂದು ಕಡಮೆ" ಎಂದರು. ಕನ್ನಡಕ ಹಾಕುವವರು ಒಂದು ಮಾತನ್ನು ನೆನಪಿಡಬೇಕು: ಬಾಯಿಂದ ಉಸಿರು ಬಿಟ್ಟರೆ ಗಾಜಿನ ಮೇಲೆ ಆವಿ ಕಟ್ಟಿ, ಅದು ಕ್ಷಣಮಾತ್ರದಲ್ಲಿ ಹಿಮವಾಗಿಬಿಡುತ್ತದೆ. ಮೂಗಿನಿಂದ ಕೆಳಮುಖವಾಗಿ ಬಿಡಬೇಕು. ಪ್ರಾಣಾಯಾಮವು ಇಲ್ಲಿ ಇಂತಹ ಕೆಲಸಕ್ಕೆ ಬಂದಿತು.

ಬಂಡಿಯ ರಚನೆ ಸರಳವಾದುದು. ಮುಂದೆ ಎರಡು ಹಲಗೆಗಳು. ಇವು ಹಿಮದ ಮೇಲೆ ಜಾರುತ್ತ ದಾರಿಯನ್ನು ತಿರುಗಿಸುತ್ತವೆ. ಹಿಂದೆ ಚಕ್ರದ ಬದಲು ಅಗಲವಾದ ರಬ್ಬರಿನ ಪಟ್ಟಿ. ಇಂಜಿನು ಇದನ್ನು ಸುತ್ತಿಸಿ ಬಂಡಿಯನ್ನು ನೂಕುತ್ತದೆ. ಸುಮಾರು ೩೦೦ ಕಿಲೋಗ್ರಾಂ ತೂಕವಿದ್ದರೂ ಆ ಭಾರವು ಪಟ್ಟಿಯ ಅಗಲಕ್ಕೆಲ್ಲ ಹರಡುವುದರಿಂದ, ಮನುಷ್ಯನ ಕಾಲು ತೊಡೆಯವರೆಗೆ ಹೂತುಹೋಗುವಲ್ಲಿಯೂ ಇದು ತೇಲಿದಂತೆ ಹೋಗುವುದು. ಗೇರಿನ ತೊಡಕಿಲ್ಲ. ಎಡಗೈಯ ಹಿಡಿಯಲ್ಲಿ ಬ್ರೇಕು. ಬಲಗೈಯ ಹೆಬ್ಬೆರಳಿಗೆ ವೇಗದ ಲಿವರು. ಸುರುಳಿಯಾದ ದಾರವೊಂದನ್ನು ಸವಾರನ ಉಡುಪಿಗೆ ಸಿಕ್ಕಿಸಿರುತ್ತಾರೆ. ಅವನು ಬಿದ್ದರೆ ದಾರವು ಕಿತ್ತು ಇಂಜಿನು ತಾನಾಗಿ ನಿಲ್ಲುವುದು.

ಮಾರ್ಗದರ್ಶಿಯು ಆ ಸೀಮೆಯವಳೇ ಆದ ತರುಣಿ. ವಯಸ್ಸಿನಲ್ಲಿ ನಮ್ಮ ಕಡೆಯ ತರಗತಿಯ ಹುಡುಗಿಯರಷ್ಟಿರಬಹುದು. ಹೊರಡುವ ಮುನ್ನ ಕಾಲು ಗಂಟೆ ಪಾಠ ಹೇಳಿದಳು. ಸಾಲು ಬಿಡಕೂಡದು, ಮುಂದಿನವರನ್ನು ದಾಟಕೂಡದು. ಅವಳು ಎಡಗೈ ಮೇಲೆತ್ತಿದರೆ ಎಲ್ಲರೂ ನಿಲ್ಲಬೇಕು, ಹಿಂದಿನವರಿಗೂ ಕೈಯೆತ್ತಿ ತಿಳಿಸಬೇಕು. ತಿರುವಿನಲ್ಲಿ ಇಬ್ಬರೂ ಒಳಮಗ್ಗುಲಿಗೆ ಬಾಗಬೇಕು. ಬಂಡಿ ವಾಲಿದರೆ ಕಾಲು ಚಾಚಿ ತಡೆಯಲು ಹೋಗಬಾರದು. ಅಷ್ಟು ಭಾರದ ಕೆಳಗೆ ಕಾಲು ಸಿಕ್ಕೀತು. ಗಾಬರಿಯಾದಾಗ ಮೊದಲು ಬಲಹೆಬ್ಬೆರಳನ್ನು ಸಡಿಲಿಸಬೇಕು. ಹೆದರಿದ ಮನುಷ್ಯನು ಹಿಡಿಯನ್ನು ಬಿಗಿಹಿಡಿಯುತ್ತಾನೆ, ಹಿಡಿಯೊಡನೆ ಲಿವರನ್ನೂ ಒತ್ತಿಬಿಡುತ್ತಾನೆ.

ಈ ಕಡೆಯ ಮಾತನ್ನು ನಾವು ಅಂದು ಕೇಳಲಿಲ್ಲ. ಆಮೇಲೆ ಮಗಳಿಂದ ತಿಳಿದು ಬರೆದುದು. ಅವಳು ಅದನ್ನು ಹೇಳುತ್ತಿದ್ದಾಗ ನಾವು ಅಳಿಯಂದಿರ ಕಿವಿಯಲ್ಲಿ, ನಮ್ಮ ಹಿಮಶಬ್ದಕ್ಕೂ ಚಳಿಗಾಲವೆಂಬ ಅರ್ಥದ ಲ್ಯಾಟಿನ್ ಹಿಯೆಮ್ಸ್ ಶಬ್ದಕ್ಕೂ ಮೂಲವೊಂದೇ ಎಂದು ವಿವರಿಸುತ್ತಿದ್ದೆವು. ಪಾಠದ ನಡುವೆ ಪಿಸುಗುಟ್ಟಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಕೈ ಇದೇ.

ಮೊದಲ ಎರಡು ಕಿಲೋಮೀಟರು ಸುಗಮವಾಗಿ ಕಳೆಯಿತು. ಪೈನ್ ಮರಗಳ ಕಾಡಿನಲ್ಲಿ ಹದಮಾಡಿದ ದಾರಿ. ಕೊಂಬೆಗಳೆಲ್ಲ ಹಿಮದ ಹೊರೆಯಿಂದ ಬಾಗಿದ್ದುವು. ಹಿಡಿಗಳನ್ನು ಒಳಗಿನಿಂದ ಬಿಸಿಮಾಡುವ ಏರ್ಪಾಡು ಇದ್ದುದರಿಂದ ಕೈಗಳು ಬೆಚ್ಚಗಿದ್ದುವು. ಇಷ್ಟೇ ತಾನೆ ಎಂದು ನಮಗೆ ಕೊಂಚ ಜಂಬವೂ ಬಂದಿತು. ಅಷ್ಟರಲ್ಲಿ ಇಳಿಜಾರಿನಲ್ಲೊಂದು ಎಡತಿರುವು. ಬಂಡಿ ಬಲಕ್ಕೆ ಜಾರಿದಂತೆ ತೋರಿತು. ನಾವು ಒಳಗೆ ಬಾಗುವುದರ ಬದಲು ಬಿಗಿದು ನೇರ ಕುಳಿತೆವು. ಹಿಡಿಯನ್ನು ಮುಷ್ಟಿಕಟ್ಟಿ ಹಿಡಿದೆವು. ಹೆಬ್ಬೆರಳು ತನ್ನ ಕೆಲಸವನ್ನು ಮಾಡಿತು. ಇಂಜಿನು ಗರ್ಜಿಸಿ, ಬಂಡಿಯು ದಾರಿ ಬಿಟ್ಟು ಮೆತ್ತನೆಯ ಹಿಮಕ್ಕೆ ನುಗ್ಗಿ, ಬಲಕ್ಕೆ ವಾಲಿ ಮಲಗಿತು. ನಾವು ಒಂದು ಕಡೆ ಬಿದ್ದೆವು. ದಾರ ಕಿತ್ತು ಇಂಜಿನು ನಿಂತಿತು.

ನಿಶ್ಶಬ್ದ. ಹಿಂದೆ ತಿರುಗಿ ನೋಡಿದರೆ ನಮ್ಮ ಮನೆಯವರು ಕಾಣಲಿಲ್ಲ. ಎರಡು ವರ್ಷದ ಹಿಂದೆ ಅವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದ್ದಿತು. ಹೆಸರು ಹಿಡಿದು ಕೂಗುವ ರೂಢಿ ನಮ್ಮಲ್ಲಿಲ್ಲ. ಆ ಹೊತ್ತು ಕೂಗಿದೆವು. ಎದ್ದುನಿಲ್ಲಲು ಹೋದರೆ ಕಾಲು ತೊಡೆಯವರೆಗೆ ಇಳಿಯಿತು. ನಾಲ್ಕು ಮಾರು ದೂರವನ್ನು ದಾಟಲಾಗದೆ, ನಮ್ಮ ಅರುವತ್ತು ವರ್ಷಗಳಲ್ಲಿ ಎಂದೂ ಪಡದ ಭಯವನ್ನು ಪಟ್ಟೆವು. ಮರದ ಬುಡದಲ್ಲಿ ಹಿಮವು ಅಲುಗಿ, ಹೆಲ್ಮೆಟ್ಟೊಂದು ಮೇಲೆದ್ದಿತು. "ನನಗೇನೂ ಆಗಿಲ್ಲ. ನೀವು ಸುಮ್ಮನೆ ಅಲ್ಲೇ ಇರಿ, ಇನ್ನೊಂದು ಸಾರಿ ಬೀಳಬೇಡಿ" ಎಂದರು.

ಮಾರ್ಗದರ್ಶಿಯು ಹಿಂದಿರುಗಿ ಬಂದವಳು ಬಂಡಿಯ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ನಮ್ಮ ಮನೆಯವರ ಕಾಲು, ಕುತ್ತಿಗೆ, ಕೈಗಳನ್ನು ಆಡಿಸಿ ನೋಡಿ, ಕೊರಳಿನೊಳಗೆ ಸೇರಿದ್ದ ಹಿಮವನ್ನು ಬಟ್ಟೆಯಿಂದ ಒರಸಿದಳು. ಅದು ಕರಗಿ ಒದ್ದೆಯಾದರೆ ಆಮೇಲೆ ಚಳಿ ಹಿಡಿಯುವುದಂತೆ. ಅನಂತರ ಅಳಿಯಂದಿರೊಡನೆ ಸೇರಿ ಬಂಡಿಯನ್ನು ನಿಲ್ಲಿಸಿದಳು. ಬಳಿಕ ನಮ್ಮೆದುರಿಗೆ ನಿಂತು, ಗದರದೆ, ನಗದೆ, ಹೆಬ್ಬೆರಳಿನ ಪಾಠವನ್ನು ಮೊದಲಿನಿಂದ ಹೇಳಿ ನಮ್ಮ ಬಾಯಲ್ಲಿ ಒಪ್ಪಿಸಿಕೊಂಡಳು. ಬೇಕಾದರೆ ಅಳಿಯಂದಿರು ನಡೆಸಲಿ ಎಂದೆವು. ಅದಕ್ಕೆ ಅವಳು, ನಡೆಸುವುದೂ ಬಿಡುವುದೂ ನಿಮ್ಮ ಇಷ್ಟ. ನಡೆಸುವುದಾದರೆ ಇನ್ನು ಮುಂದೆ ನನ್ನ ಬೆನ್ನ ಹಿಂದೆಯೇ ಬರಬೇಕು, ಎಲ್ಲರಿಗಿಂತ ಕಷ್ಟಪಡುವವರಿಗೆ ಸಾಲಿನಲ್ಲಿ ಮೊದಲ ಸ್ಥಾನ, ಅವರ ವೇಗವೇ ಸಾಲಿನ ವೇಗ, ಎಂದಳು.

ನಮ್ಮ ಶಾಲೆಯಲ್ಲಿ ಶಬ್ದರೂಪಗಳು ಬಾಯಿಗೆ ಬಾರದ ಹುಡುಗನೊಬ್ಬನಿದ್ದನು. ಇತರರಿಗೆ ತಡವಾಗುವುದೆಂದು ಅವನನ್ನು ಕಡೆಯ ಬೆಂಚಿಗೆ ಕಳುಹಿಸಿದ್ದೆವು. ಆ ವರ್ಷದ ಕೊನೆಗೆ ಅವನು ಶಾಲೆಯನ್ನು ಬಿಟ್ಟನು. ಅವನ ಮುಖವು ಆ ಕಾಡಿನಲ್ಲಿ ಏತಕ್ಕೆ ನೆನಪಾಯಿತೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ನಮ್ಮ ಮನೆಯವರು ಮಗಳ ಬಂಡಿಗೆ ಹೋಗುವರೆಂದುಕೊಂಡಿದ್ದೆವು. ಅವರು ಮಾತಾಡದೆ ಬಂದು ನಮ್ಮ ಹಿಂದೆಯೇ ಕುಳಿತು, ಉಡುಪನ್ನು ಎರಡು ಕೈಯಿಂದಲೂ ಹಿಡಿದುಕೊಂಡರು. ಮುಂದಿನ ತಿರುವಿನಲ್ಲಿ, ನಾವು ಬಾಗುವುದಕ್ಕೆ ಮೊದಲೇ ಅವರು ಬಾಗಿದುದು ಬೆನ್ನಿಗೆ ತಿಳಿಯಿತು, ನಾವೂ ಬಾಗಿದೆವು. ಬಂಡಿಯು ಹೇಳಿದಂತೆ ಕೇಳಿತು.

ಕಾಡು ಮುಗಿದುದೇ ಸರೋವರ. ಇನಾರಿಯ ವಿಸ್ತಾರ ಸುಮಾರು ೧,೦೪೦ ಚದರ ಕಿಲೋಮೀಟರು. ಅದರಲ್ಲಿ ಮೂರು ಸಾವಿರಕ್ಕೂ ಮಿಕ್ಕ ದ್ವೀಪಗಳು. ಈಗ ನೀರೂ ನೆಲವೂ ಒಂದೇ ಬಿಳುಪು. ಗುರುತಿನ ಕೋಲುಗಳನ್ನು ನೆಟ್ಟ ದಾರಿಯನ್ನು ಬಿಟ್ಟು ಹೊಸಬರು ಅಲುಗಕೂಡದು. ಹೊಳೆ ಬಂದು ಸೇರುವ ಕಡೆಯಲ್ಲಿಯೂ ಇಕ್ಕಟ್ಟಿನ ಕಡಲ್ಗಾಲುವೆಯಂಥ ಎಡೆಗಳಲ್ಲಿಯೂ ಕೆಳಗಿನ ಹರಿವಿನಿಂದ ಮಂಜುಗಡ್ಡೆ ತೆಳುವಾಗಿರುತ್ತದೆ. ನಂಬಿಕೆ ಹುಟ್ಟಲೆಂದು ಮಾರ್ಗದರ್ಶಿಯು ಬೈರಿಗೆಯಿಂದ ಒಂದು ತೂತು ಕೊರೆದು ತೋರಿಸಿದಳು, ಗೇಣೂವರೆಗಿಂತ ದಪ್ಪವಿದ್ದಿತು. ದೂರದಲ್ಲಿ ಕಡಿದಾದ ಕಲ್ಲಿನ ದ್ವೀಪವೊಂದು ನೆರಳಿನಂತೆ ಕಂಡಿತು. ಫಿನ್ನರು ಅದನ್ನು ಉಕೊನ್‌ಕಿವಿ, ಉಕ್ಕೋನ ಕಲ್ಲು, ಎನ್ನುವರು. ಉಕ್ಕೋ ಎಂದರೆ ಮುದುಕ. ಸಿಡಿಲಿನ ದೇವತೆಯ ಹೆಸರೂ ಅದೇ. ಆ ನಾಡಿನ ಮೂಲನಿವಾಸಿಗಳಾದ ಸಾಮಿ ಜನರು ಹಿಂದಿನ ಕಾಲದಲ್ಲಿ ಅಲ್ಲಿ ಬಲಿಯನ್ನು ಅರ್ಪಿಸುತ್ತಿದ್ದರು.

ದಡದಲ್ಲಿ ಬೆಂಕಿ ಹಾಕಿ ಬಿಸಿಯಾದ ಹಣ್ಣಿನ ರಸವನ್ನು ಕೊಟ್ಟಾಗ, ಅಮರಕೋಶದಲ್ಲಿ ಹಿಮಕ್ಕೆ ತುಷಾರ, ತುಹಿನ, ಪ್ರಾಲೇಯ ಮೊದಲಾಗಿ ಏಳು ಹೆಸರುಗಳಿವೆಯೆಂದು ನಾವು ಹೇಳಿದೆವು. ಈ ಸಲ ಪಾಠವು ಮುಗಿದ ಮೇಲೆಯೇ. ಅವಳು ನೆಲದ ಹಿಮವನ್ನು ಅಗೆದು, ಮೇಲಿನ ಗಟ್ಟಿಪದರವನ್ನೂ ಕೆಳಗಿನ ಸಕ್ಕರೆಯಂಥ ಹರಳುಗಳನ್ನೂ ತೋರಿಸಿ, ಸಾಮಿ ಭಾಷೆಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಹೆಸರು, ಹೀಗೆಯೇ ಇನ್ನೂ ಎಷ್ಟೋ, ಎಂದಳು. ಹಿಮಸಾರಂಗವು ಗೊರಸಿನಿಂದ ಅಗೆದು ಕೆಳಗಿನ ಕಲ್ಲುಹೂವನ್ನು ತಿನ್ನಬಲ್ಲುದೋ ಇಲ್ಲವೋ ಎಂಬುದು ಪದರದ ಮೇಲೆ ನಿಂತಿದೆ. ನಮ್ಮ ಏಳು ಹೆಸರುಗಳು ಒಂದೇ ವಸ್ತುವಿಗೆ. ಅವರ ಒಂದೊಂದು ಹೆಸರಿಗೂ ಒಂದೊಂದು ವಸ್ತು. ಹಿಮವನ್ನು ದೂರದಿಂದ ಕಂಡವರಿಗೂ ಅದರ ಮೇಲೆ ಬಾಳುವವರಿಗೂ ಇರುವ ಭೇದವಿದು.

ಈ ಯಂತ್ರದ ಹುಟ್ಟಿನ ಕಥೆಯನ್ನು ಅಳಿಯಂದಿರು ಹೇಳಿದರು. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಎಂಬ ಯಂತ್ರಶಿಲ್ಪಿ ಇದ್ದನು. ೧೯೩೪ರ ಚಳಿಗಾಲದಲ್ಲಿ ಅವನ ಪುಟ್ಟ ಮಗನಿಗೆ ಹೊಟ್ಟೆಯ ರೋಗವು ವಿಷಮಿಸಿತು. ಹಿಮದಿಂದ ದಾರಿ ಮುಚ್ಚಿದ್ದ ಕಾರಣ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ಬಂಡಿಯ ಯೋಚನೆ ಅವನಿಗೆ ಬಾಲ್ಯದಿಂದಲೂ ಇದ್ದಿತು. ಆಮೇಲೆ ಅದೇ ಅವನ ಬಾಳಾಯಿತು. ೧೯೩೭ರಲ್ಲಿ ಹಲವರು ಕೂರುವ ಬಂಡಿಗೆ ಹಕ್ಕುಪತ್ರ ಪಡೆದನು. ೧೯೫೯ರಲ್ಲಿ ಒಬ್ಬಿಬ್ಬರ ಸಣ್ಣ ಬಂಡಿಯನ್ನು ಹೊರತಂದನು. ನಾವು ಬಿದ್ದ ಬಂಡಿಯ ವಂಶಮೂಲ ಅದೇ. ಕಥೆ ಮುಗಿಯುವ ತನಕ ನಮ್ಮ ಮನೆಯವರು ಕೈಯಲ್ಲಿದ್ದ ರಸವನ್ನು ಕುಡಿಯಲಿಲ್ಲ.

೧೯೬೦ರ ದಶಕದ ಮೊದಲಲ್ಲಿ ಈ ಬಂಡಿಗಳು ಇನಾರಿಯ ಸೀಮೆಗೆ ಬಂದುವು. ಪೆರ್ಟಿ ಪೆಲ್ಟೋ ಎಂಬ ಮಾನವಶಾಸ್ತ್ರಜ್ಞರು ೧೯೭೩ರಲ್ಲಿ ಇದನ್ನು ಕುರಿತೇ ಒಂದು ಗ್ರಂಥವನ್ನು ಬರೆದಿದ್ದಾರೆ. ಈಶಾನ್ಯಕ್ಕಿರುವ ಸೆವೆತ್ತಿಯಾರ್ವಿಯಲ್ಲಿ ಸ್ಕೋಲ್ಟ್ ಸಾಮಿಗಳು ತಲೆತಲಾಂತರದಿಂದ ಹಿಮಸಾರಂಗಗಳಿಗೆ ಜಾರುಬಂಡಿ ಕಟ್ಟಿ ಓಡಾಡುತ್ತಿದ್ದವರು. ಕೆಲವೇ ವರ್ಷಗಳಲ್ಲಿ ಆ ಪದ್ಧತಿ ಹೆಚ್ಚುಕಡಿಮೆ ಅಳಿಯಿತು. ದೂರವು ಹತ್ತಿರವಾಯಿತು, ನಿಜ. ಬಂಡಿಗೂ ಎಣ್ಣೆಗೂ ಹಣವಿಲ್ಲದವನು ಹಿಂಡನ್ನು ಮೇಯಿಸುವ ಕಸುಬಿನಿಂದಲೇ ಹಿಂದೆ ಸರಿಯಬೇಕಾಯಿತು, ಅದೂ ನಿಜ. ಇಂದಿಗೂ ಹಿಂಡನ್ನು ಕೂಡಿಸುವವರು ಇದೇ ಬಂಡಿಯನ್ನು ಏರುತ್ತಾರೆ. ನಮ್ಮಂಥವರು ಮೂರು ಗಂಟೆ ವಿನೋದಕ್ಕೆ ಏರುವುದು ಪರರ ಜೀವನೋಪಾಯವನ್ನು. ಸದ್ದೇನೋ ಕಿವಿಗಡಚಿಕ್ಕುವಂಥದು, ಅದು ನಮಗೆ ಹಿಡಿಸಲಿಲ್ಲ.

ಹಿಂದಿರುಗುವಾಗ ಮಾರ್ಗದರ್ಶಿಯ ಎಡಗೈ ಮೇಲೆದ್ದಿತು. ನಾವೂ ಕೈಯೆತ್ತಿ ನಿಲ್ಲಿಸಿದೆವು; ಇಂಜಿನುಗಳೆಲ್ಲ ಒಂದೊಂದಾಗಿ ಆರಿದುವು. ಮೂರು ಹಿಮಸಾರಂಗಗಳು ದಾರಿಗೆ ಬಂದು, ನಮ್ಮನ್ನು ಒಮ್ಮೆ ನೋಡಿ, ಅವಸರವಿಲ್ಲದೆ ದಾಟಿಹೋದುವು. ಬಂಡಿಯಲ್ಲಿ ಅವನ್ನು ಅಟ್ಟಬಾರದು. ಆಳವಾದ ಹಿಮದಲ್ಲಿ ಓಡಿ ದಣಿದರೆ ಚಳಿಗಾಲಕ್ಕೆ ಕೂಡಿಟ್ಟ ಬಲ ಕರಗಿಹೋಗುವುದು. ಅವು ಮರೆಯಾದ ಮೇಲೂ ಅವಳು ಸ್ವಲ್ಪ ಹೊತ್ತು ಕೈ ಇಳಿಸಲಿಲ್ಲ. ಕೊಂಬೆಯಿಂದ ಹಿಮ ಉದುರುವ ಸದ್ದು ಕೇಳಿಸುತ್ತಿದ್ದಿತು.

ಆ ರಾತ್ರಿ ಧ್ರುವಪ್ರಭೆ ಕಾಣಲಿಲ್ಲ, ಮೋಡ. ಮಗಳು ಮಾಡಿದ ತಿಳಿಸಾರನ್ನು ಉಣ್ಣುತ್ತ, ಈ ಪ್ರವಾಸವನ್ನು ಕುರಿತು ಪತ್ರಿಕೆಗೆ ಬರೆಯಬೇಕೆಂದು ನಾವು ಹೇಳಿದೆವು. "ಬರೆಯಿರಿ" ಎಂದರು ನಮ್ಮ ಮನೆಯವರು, "ನನ್ನನ್ನು ಕೆಡವಿದ್ದನ್ನೂ ಬರೆಯಿರಿ."