ಪಾಲುಪಾರಿಕತ್ತು

ಯಾರನ್ನೂ ಸಂಬಳ ಕೊಡದೆ ದುಡಿಸಿಕೊಂಡವನಲ್ಲ ನಾನು ಎಂಬ ಹೆಮ್ಮೆ ನನಗೆ ಬಹುಕಾಲ ಇತ್ತು. ನನ್ನ ಹೆಂಡತಿ ಈ ಮಾತನ್ನು ಒಪ್ಪುವುದಿಲ್ಲ, ಅದಿರಲಿ. ಐವತ್ನಾಲ್ಕನೆಯ ವಯಸ್ಸಿನಲ್ಲಿ ಆ ಹೆಮ್ಮೆ ತಾನಾಗಿಯೇ ಮುರಿಯಿತು. ಸೊಂಟದ ಮೇಲೆ, ಬೆನ್ನುಮೂಳೆಯ ಎಡಕ್ಕೊಂದು ಬಲಕ್ಕೊಂದು, ಮುಷ್ಟಿಗಾತ್ರದ ಎರಡು ಆಳುಗಳು ನಾನು ಹುಟ್ಟುವ ಮೊದಲಿನಿಂದಲೂ ಹಗಲಿರುಳು ದುಡಿಯುತ್ತಿವೆಯೆಂದೂ, ಒಂದು ದಿನವಾದರೂ ನಾನು ಅವುಗಳ ಯೋಗಕ್ಷೇಮ ವಿಚಾರಿಸಿಲ್ಲವೆಂದೂ ಆಗ ತಿಳಿಯಿತು.

ತಪ್ಪು ಪೂರ್ತಿ ನನ್ನದಲ್ಲ. ದೇಹದೊಳಗೂ ಸದ್ದು ಮಾಡುವವರಿಗೇ ಮರ್ಯಾದೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿದು, ತಾನಿದ್ದೇನೆಂದು ಡಂಗುರ ಸಾರಿಕೊಳ್ಳುತ್ತದೆ. ಶ್ವಾಸಕೋಶ ಇಪ್ಪತ್ತು ಸಾವಿರ ಸಲ ಏರಿ ಇಳಿಯುತ್ತದೆ. ಹೊಟ್ಟೆಯಂತೂ ಹೊತ್ತಿಗೆ ಸರಿಯಾಗಿ ಕೂಗಿ ಕರೆಯುತ್ತದೆ. ಮೂತ್ರಪಿಂಡಕ್ಕೆ ದನಿಯಿಲ್ಲ. ಕವಿಗಳೂ ಅದಕ್ಕೆ ನ್ಯಾಯ ಮಾಡಲಿಲ್ಲ. ಪ್ರಿಯೆಯನ್ನು ಹೃದಯದಲ್ಲಿ ಕೂರಿಸಿದವರುಂಟು. ಮೂತ್ರಪಿಂಡದಲ್ಲಿ ಕೂರಿಸಿದವರನ್ನು ನಾನು ಕಂಡಿಲ್ಲ.

ಈ ಮೂಕ ಆಳುಗಳ ಪರಿಚಯ ನನಗಾದದ್ದು ಅಣ್ಣನ ದೆಸೆಯಿಂದ. ಅವನಿಗೂ ನನಗೂ 2011ರಿಂದ ಮಾತಿರಲಿಲ್ಲ. ಅಪ್ಪ ಕಟ್ಟಿಸಿದ ಮೈಸೂರಿನ ಮನೆಯನ್ನು ಆ ವರ್ಷ ಪಾಲು ಮಾಡಿಕೊಂಡೆವು. ನಡುಮನೆಗೆ ಅಡ್ಡಲಾಗಿ ಎದ್ದ ಗೋಡೆ ಹಿತ್ತಲಿನ ತುದಿಯವರೆಗೂ ಹೋಯಿತು. ಬಾವಿ ನನ್ನ ಕಡೆಗೆ ಬಂತು. "ನೀರು ಸೇದುವ ಹಕ್ಕು ಇಬ್ಬರಿಗೂ ಇದೆ ಅಂತ ಬರೆಸೋಣ" ಎಂದ ಅಣ್ಣ. "ಬರೆಸೋದ್ಯಾಕೆ, ಬೇಕಾದಾಗ ಬಂದು ಸೇದಿಕೊ" ಎಂದೆ ನಾನು. ಉದಾರವಾಗಿ ಆಡಿದೆನೆಂದು ನಾನು ತಿಳಿದೆ. ಅವನಿಗೆ ಅದು ಭಿಕ್ಷೆಯಂತೆ ಕೇಳಿಸಿತು. ಪಾಲುಪಾರಿಕತ್ತಿಗೆ ರುಜು ಹಾಕಿ ಎದ್ದವರು ಮತ್ತೆ ಹನ್ನೊಂದು ವರ್ಷ ಮಾತಾಡಲಿಲ್ಲ. ಅವನ ಮನೆಯ ಒಗ್ಗರಣೆಯ ಸದ್ದು ನನಗೆ ಕೇಳಿಸುತ್ತಿತ್ತು. ನನ್ನ ಬಾವಿಯ ರಾಟೆಯ ಸದ್ದು ಅವನಿಗೆ.

2022ರಲ್ಲಿ ಒಂದು ಸಂಜೆ ಅತ್ತಿಗೆ ಬಾಗಿಲಿಗೆ ಬಂದು ನಿಂತರು. "ನಿಮ್ಮಣ್ಣನಿಗೆ ಎರಡು ಕಿಡ್ನಿಯೂ ಹೋಗಿದೆಯಂತೆ" ಅಂದರು. ಬಹಳ ವರ್ಷಗಳಿಂದ ರಕ್ತದ ಒತ್ತಡ ಹೆಚ್ಚಿತ್ತು. ತಲೆನೋವಿಲ್ಲ, ಸುಸ್ತಿಲ್ಲ ಎಂದು ಅವನು ಅಳೆಸಿಕೊಂಡೇ ಇರಲಿಲ್ಲ. ಈ ಆಳುಗಳ ಸ್ವಭಾವವೂ ಹಾಗೆಯೇ. ಬಹುಪಾಲು ಶಕ್ತಿ ಉಡುಗುವ ತನಕ ದೂರು ಹೇಳುವುದಿಲ್ಲ.

ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಅತ್ತಿಗೆಗೆ ಜ್ವರ ಬಂದ ದಿನ ನಾನೇ ಅಣ್ಣನ ಜೊತೆ ಹೋಗಬೇಕಾಯಿತು. ಆಟೋದಲ್ಲಿ ಅವನು ಎಡಗಡೆ ನೋಡುತ್ತ, ನಾನು ಬಲಗಡೆ ನೋಡುತ್ತ ಹೋದೆವು. ಅಲ್ಲಿ ಅವನ ತೋಳಿನಿಂದ ರಕ್ತ ಒಂದು ಕೊಳವೆಯಲ್ಲಿ ಹೊರಟು, ಯಂತ್ರವನ್ನು ಹಾದು, ಇನ್ನೊಂದು ಕೊಳವೆಯಲ್ಲಿ ಹಿಂದಿರುಗುತ್ತಿತ್ತು. ಮಾತಾಡದವರಿಗೆ ನಾಲ್ಕು ಗಂಟೆ ಬಹಳ ದೀರ್ಘ. ಆ ದಿನ ಮೊದಲುಮಾಡಿ, ಮುಂದೆ ಹೋದಾಗಲೆಲ್ಲ, ಡಾಕ್ಟರನ್ನು ಕೇಳುತ್ತ ಪುಸ್ತಕ ತಿರುವುತ್ತ ಒಂದಿಷ್ಟು ಕಲಿತೆ.

ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರು ರಕ್ತವನ್ನು ಹೊರಕ್ಕೆ ದೂಡುತ್ತದೆ. ಅದರಲ್ಲಿ ಐದನೆಯ ಒಂದು ಪಾಲು ಈ ಎರಡು ಪಿಂಡಗಳಿಗೇ ಹೋಗುತ್ತದೆ. ಒಂದೊಂದರ ತೂಕ ಹೆಚ್ಚೆಂದರೆ 150 ಗ್ರಾಂ ಆಸುಪಾಸು. ಒಂದೊಂದರಲ್ಲೂ ಸೋಸುವ ಸೂಕ್ಷ್ಮ ಘಟಕಗಳು ಸುಮಾರು ಹತ್ತು ಲಕ್ಷ. ದಿನಕ್ಕೆ 180 ಲೀಟರಿನಷ್ಟು ದ್ರವ ಅಲ್ಲಿ ಸೋಸಿ ಇಳಿಯುತ್ತದೆ. ಅಷ್ಟನ್ನೂ ಹೊರಚೆಲ್ಲಿದರೆ ರಕ್ತದ ನೀರಿನಂಶ ಅರ್ಧ ಗಂಟೆಯಲ್ಲಿ ಮುಗಿದೀತು. ನಾವು ಅಕ್ಕಿಯಿಂದ ಕಲ್ಲು ಆರಿಸುತ್ತೇವೆ. ಇವು ಮೊರವನ್ನೇ ಮಗುಚಿ, ಒಳ್ಳೆಯ ಕಾಳನ್ನೆಲ್ಲ ಮತ್ತೆ ಆರಿಸಿ ಒಳಗೆ ತುಂಬಿಕೊಂಡು, ಕಲ್ಲನ್ನು ಹೊರಗೆ ಬಿಡುತ್ತವೆ. ಸಕ್ಕರೆ ಪೂರ್ತಿ ವಾಪಸು. ಉಪ್ಪು ಬೇಕಾದಷ್ಟು ವಾಪಸು. 180ರಲ್ಲಿ 178 ಲೀಟರು ನೀರು ವಾಪಸು. ಸಾಲದುದಕ್ಕೆ, ರಕ್ತಕಣಗಳನ್ನು ತಯಾರಿಸೆಂದು ಮೂಳೆಯ ಮಜ್ಜೆಗೆ ಹೇಳಿಕಳಿಸುವುದೂ ಇವುಗಳದೇ ಕೆಲಸ. ಅಣ್ಣನ ಮುಖ ಬಿಳಿಚಿಕೊಂಡದ್ದು ಏಕೆಂದು ಆಗ ನನಗೆ ಅರ್ಥವಾಯಿತು.

ಯಂತ್ರ ವಾರದ 168 ಗಂಟೆಯಲ್ಲಿ 12 ಗಂಟೆ ಕೆಲಸ ಮಾಡುತ್ತದೆ. ಉಳಿದ ಹೊತ್ತಿನ ಲೆಕ್ಕ ರೋಗಿಯ ತಲೆಯ ಮೇಲೆ. ಎಳನೀರು, ಬಾಳೆಹಣ್ಣು ಮುಟ್ಟುವಂತಿಲ್ಲ. ಅದರಲ್ಲಿರುವ ಪೊಟ್ಯಾಸಿಯಮ್ ರಕ್ತದಲ್ಲಿ ಮಿತಿಮೀರಿದರೆ ಹೃದಯವೇ ನಿಂತೀತು. ತರಕಾರಿಯನ್ನು ಬೇಯಿಸಿ ನೀರು ಬಸಿದು ತಿನ್ನಬೇಕು. ಎಲ್ಲಕ್ಕಿಂತ ಕಷ್ಟ ಬಾಯಾರಿಕೆ. ದಿನಕ್ಕೆ ಒಂದು ಲೀಟರು. ಕಾಫಿ, ಮಜ್ಜಿಗೆ, ಸಾರು ಎಲ್ಲ ಅದರೊಳಗೇ. ಮೂರನೆಯ ಗಂಟೆಯಲ್ಲಿ ಅಣ್ಣ ಛಾವಣಿಯನ್ನು ನೋಡುತ್ತ, "ರಾತ್ರಿ ನಿನ್ನ ರಾಟೆ ಸದ್ದು ಕೇಳಿದರೆ ಬಾಯಿ ಒಣಗುತ್ತೆ ಕಣೋ" ಎಂದ. ಹನ್ನೊಂದು ವರ್ಷಗಳಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಆ ರಾತ್ರಿ ನಾನು ರಾಟೆಗೆ ಎಣ್ಣೆ ಬಿಟ್ಟೆ. ಅದಕ್ಕಿಂತ ಹೆಚ್ಚೇನಾದರೂ ಮಾಡಬೇಕೆಂದು ತೋರಿತು.

1954ನೆಯ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ರೊನಾಲ್ಡ್ ಹೆರಿಕ್ ಎಂಬಾತ ತನ್ನ ಅವಳಿ ಸೋದರ ರಿಚರ್ಡನಿಗೆ ಒಂದು ಮೂತ್ರಪಿಂಡ ಕೊಟ್ಟ. ಶಸ್ತ್ರವೈದ್ಯ ಜೋಸೆಫ್ ಮರ್ರೆ ಅದನ್ನು ಜೋಡಿಸಿದರು. ಯಶಸ್ವಿಯಾದ ಮೊದಲ ಕಸಿ ಅದು. ಪಡೆದವನು ಎಂಟು ವರ್ಷ ಹೆಚ್ಚು ಬದುಕಿದ. ಕೊಟ್ಟವನು ಉಳಿದ ಒಂದರಲ್ಲೇ 2010ರವರೆಗೆ ಇದ್ದ. ಇದನ್ನು ಹೆಂಡತಿಗೆ ಓದಿ ಹೇಳಿದೆ. ನನ್ನ ಮನಸ್ಸಿನಲ್ಲಿರುವುದು ಅವಳಿಗೆ ತಿಳಿಯಿತು. "ಮಗಳ ಮದುವೆ ಇನ್ನೂ ಆಗಿಲ್ಲ, ಜ್ಞಾಪಕವಿರಲಿ" ಎಂದಳು. ಎರಡು ದಿನ ಅತ್ತಳು. ಮೂರನೆಯ ದಿನ, ರಕ್ತಪರೀಕ್ಷೆಗೆ ಬರಿಹೊಟ್ಟೆಯಲ್ಲಿ ಹೋಗಬೇಕೇ ಎಂದು ಕೇಳಿದಳು.

ಅಣ್ಣ ಒಪ್ಪಲಿಲ್ಲ. "ಬಾವಿ ನೀರು ಕೇಳದವನು ಕಿಡ್ನಿ ಕೇಳ್ತೀನೇನೋ?" ಎಂದ.

"ನೀನು ಕೇಳಬೇಡ. ಈ ಸಲ ಬೇಕಾದರೆ ಬರೆಸೇ ಕೊಡೋಣ" ಎಂದೆ.

ಬರೆಸಬೇಕಾಗಿಯೂ ಬಂತು. ಅಂಗಗಳ ಮಾರಾಟ ತಡೆಯಲು 1994ರಲ್ಲಿ ಆದ ಕಾನೂನಿನಂತೆ, ಕೊಡುವವನೂ ಪಡೆಯುವವನೂ ಹತ್ತಿರದ ಸಂಬಂಧಿಗಳೆಂದಾದರೆ ಅದನ್ನು ರುಜುವಾತು ಮಾಡಬೇಕು. ನಾವು ಒಬ್ಬ ತಂದೆಯ ಮಕ್ಕಳೆಂಬುದಕ್ಕೆ ಕಾಗದಗಳನ್ನು ಹುಡುಕುವಾಗ, ಪೆಟ್ಟಿಗೆಯ ತಳದಲ್ಲಿ ಪಾಲುಪಾರಿಕತ್ತು ಸಿಕ್ಕಿತು. ಇಂಥವರ ಜ್ಯೇಷ್ಠ ಪುತ್ರ ಇಂಥವನು, ಕನಿಷ್ಠ ಪುತ್ರ ಇಂಥವನು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ನಮ್ಮನ್ನು ಬೇರೆ ಮಾಡಿದ ಕಾಗದವೇ ನಾವು ಅಣ್ಣತಮ್ಮಂದಿರೆಂದು ಸಾಕ್ಷಿ ಹೇಳಲು ಇತರ ಕಾಗದಗಳ ಜೊತೆ ಹೋಯಿತು.

2023ರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ನನ್ನ ಎಡಗಡೆಯದನ್ನು ತೆಗೆದರು. ಅದರ ರಕ್ತನಾಳ ಉದ್ದ, ಜೋಡಿಸಲು ಅನುಕೂಲ. ನನ್ನಲ್ಲಿ ಉಳಿದ ಬಲಗಡೆಯದು ಸುಮ್ಮನೆ ಕೂರಲಿಲ್ಲ. ತಾನೇ ಕೊಂಚ ಬೆಳೆದು, ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಮುಕ್ಕಾಲಿನ ಹತ್ತಿರಕ್ಕೆ ಬಂದಿದೆ. ಮೊದಲಿನಿಂದಲೂ ಅದು ಎಡಗಡೆಯದಕ್ಕಿಂತ ಸ್ವಲ್ಪ ತಗ್ಗಿ ಕುಳಿತದ್ದು, ಪಿತ್ತಜನಕಾಂಗ ಮೇಲಿನ ಜಾಗ ಹಿಡಿದಿರುವುದರಿಂದ. ಅದಕ್ಕಾಗಿ ಅದು ಎಂದೂ ಪಂಚಾಯಿತಿ ಸೇರಿಸಿದ್ದಿಲ್ಲ.

ಅಣ್ಣನ ಹಳೆಯ ಎರಡನ್ನೂ ಹಾಗೆಯೇ ಬಿಟ್ಟು, ಹೊಸದನ್ನು ಕೆಳಹೊಟ್ಟೆಯಲ್ಲಿ ಇಟ್ಟಿದ್ದಾರೆ. ಅವನಲ್ಲಿ ಈಗ ಮೂರು, ನನ್ನಲ್ಲಿ ಒಂದು. "ಕೊನೆಗೂ ಪಾಲಿನಲ್ಲಿ ನಿನಗೇ ಹೆಚ್ಚು ಬಂತು" ಎಂದೆ. ನಕ್ಕ, ಹೊಲಿಗೆ ನೋಯಿತೆಂದು ಬೈದ. ಅವನ ದೇಹ ಮಾತ್ರ ಇನ್ನೂ ಪೂರ್ತಿ ರಾಜಿಯಾಗಿಲ್ಲ. ಹೊಸಬನನ್ನು ಪರಕೀಯನೆಂದು ಅದು ಹೊಡೆದಟ್ಟದಂತೆ, ಬದುಕಿರುವವರೆಗೂ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಬೇಕು. ಹೊತ್ತಾದರೆ ಅತ್ತಿಗೆ ಕೂಗುವುದು ಗೋಡೆಯಾಚೆ ನನಗೆ ಕೇಳಿಸುತ್ತದೆ.

ಹೌದು, ಗೋಡೆ ಹಾಗೆಯೇ ಇದೆ. ಆಸ್ಪತ್ರೆಯಿಂದ ಬಂದ ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಹಿತ್ತಲಲ್ಲಿ ನೀರು ಸೇದುತ್ತಿದ್ದೆ. ಆಚೆಯಿಂದ ಅಣ್ಣನ ದನಿ ಬಂತು. "ದಿನಕ್ಕೆ ಮೂರು ಲೀಟರು ಕುಡೀಬೇಕಂತೆ ಕಣೋ. ಕಾಯಿಸಿ ಆರಿಸಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಲ್ಲಿ ನೀರು ರುಚಿಯಿಲ್ಲ" ಎಂದ.

ತುಂಬಿದ ಬಿಂದಿಗೆ ಎತ್ತಬಾರದೆಂದು ಡಾಕ್ಟರು ನನಗೆ ಹೇಳಿದ್ದರು. ಅರ್ಧ ಬಿಂದಿಗೆ ಗೋಡೆಯ ಮೇಲಿಟ್ಟೆ. ಆ ಕಡೆಯಿಂದ ಅತ್ತಿಗೆಯ ಕೈ ಬಂದು ತೆಗೆದುಕೊಂಡಿತು.