ಕಾರು ಹೋಗದ ಊರಿಗೆ ಆಂಬುಲೆನ್ಸ್ ಹೇಗೆ ಬರುತ್ತೆ?

ಮ್ಯೂರನ್‌ಗೆ ನಾವು ಕಾರಿನಲ್ಲಿ ಹೋಗುವ ಹಾಗಿಲ್ಲ. ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನನ್ ಕಣಿವೆಯ ಮೇಲೆ, ಬಂಡೆಯ ಅಂಚಿನಲ್ಲಿ, 1,600 ಮೀಟರ್‌ಗಿಂತ ಎತ್ತರದಲ್ಲಿ ಕೂತಿರುವ ಪುಟ್ಟ ಊರು ಅದು. ಕೆಳಗಿನಿಂದ ಕೇಬಲ್ ಕಾರ್ ಹತ್ತಬೇಕು, ಇಲ್ಲವೇ ಅರ್ಧ ದಾರಿ ಕೇಬಲ್ ಕಾರ್, ಉಳಿದರ್ಧ ಪುಟಾಣಿ ರೈಲು. ಎದುರಿಗೇ ಐಗರ್, ಮೋಂಕ್, ಯುಂಗ್‌ಫ್ರೌ ಶಿಖರಗಳು. ಹೆಸರು ಗೊತ್ತಿಲ್ಲದಿದ್ದರೂ ಫೋಟೊ ಮಾತ್ರ ನೀವು ಇನ್‌ಸ್ಟಾಗ್ರಾಮ್‌ನಲ್ಲಿ ಖಂಡಿತ ನೋಡಿರ್ತೀರಿ.

ಪ್ರಾಜೆಕ್ಟ್ ಮೇಲೆ ಜೂರಿಕ್‌ಗೆ ಬಂದು ಎಂಟು ತಿಂಗಳಾದ ಮೇಲೆ, ಜೂನ್‌ನಲ್ಲಿ ಅಪ್ಪ-ಅಮ್ಮನನ್ನು ಕರೆಸಿಕೊಂಡೆ. ಅಪ್ಪನಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ನಮ್ಮೂರು ಕೊಪ್ಪದ ಹತ್ತಿರ. ಎದೆನೋವು ಬಂದ ಆ ರಾತ್ರಿ ಪಕ್ಕದ ಮನೆಯವರ ಜೀಪಿನಲ್ಲಿ, ಸುರಿಯುವ ಮಳೆಯಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲ ಸೇರಿದ್ದೆವು. ಮಲೆನಾಡಿನವರಿಗೆ ಗುಡ್ಡ ಅಂದರೆ ಬರೀ ಚಂದದ ನೋಟ ಅಲ್ಲ, ಆಸ್ಪತ್ರೆ ಎಷ್ಟು ದೂರ ಅನ್ನೋ ಲೆಕ್ಕವೂ ಹೌದು. ಹಾಗಾಗಿ ಟಿಕೆಟ್ ಬುಕ್ ಮಾಡುವ ಮುಂಚೆ ನನಗೆ ಬಂದ ಮೊದಲ ಪ್ರಶ್ನೆ: ಇಂಥ ಊರಲ್ಲಿ ಅಪ್ಪನಿಗೆ ಏನಾದರೂ ಆದರೆ ಯಾರು ಬರ್ತಾರೆ, ಎಷ್ಟು ಹೊತ್ತಿಗೆ ಬರ್ತಾರೆ?

144 ಮತ್ತು 1414

ಸ್ವಿಟ್ಜರ್ಲೆಂಡ್ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಚಿಕ್ಕ ದೇಶ. ಆದರೆ ಆಂಬುಲೆನ್ಸ್ ವ್ಯವಸ್ಥೆ ಇಡೀ ದೇಶಕ್ಕೆ ಒಂದೇ ಅಲ್ಲ. 26 ಕ್ಯಾಂಟನ್‌ಗಳು, ಅಂದರೆ ನಮ್ಮ ರಾಜ್ಯಗಳಿದ್ದ ಹಾಗೆ, ತಮ್ಮ ತಮ್ಮ ವ್ಯವಸ್ಥೆ ಮಾಡಿಕೊಂಡಿವೆ. ನಂಬರ್ ಮಾತ್ರ ಎಲ್ಲ ಕಡೆ ಒಂದೇ: 144. ಯುರೋಪಿನ 112ಕ್ಕೆ ಮಾಡಿದರೂ ನಡೆಯುತ್ತೆ.

ಹತ್ತರಲ್ಲಿ ಒಂಬತ್ತು ತುರ್ತು ಕರೆಗಳಿಗೆ 15 ನಿಮಿಷದೊಳಗೆ ಆಂಬುಲೆನ್ಸ್ ತಲುಪಬೇಕು ಅನ್ನೋದು ಅಲ್ಲಿನ ಗುರಿ. ಜೂರಿಕ್‌ನಂಥ ನಗರದಲ್ಲಿ ಇದು ಕಷ್ಟವಲ್ಲ. ಕಣಿವೆಯ ಕೊನೆಯ ಹಳ್ಳಿಯಲ್ಲಿ ಕಷ್ಟ. ರಸ್ತೆ ಒಂದೇ ಇರುತ್ತೆ, ಅದೂ ಸುತ್ತಿ ಬಳಸಿ.

ಅಲ್ಲಿಗೆ ಬರೋದು ಹೆಲಿಕಾಪ್ಟರ್. 1952ರಲ್ಲಿ ಶುರುವಾದ ರೇಗಾ ಎಂಬ ಸಂಸ್ಥೆ ಇದೆ, ನಂಬರ್ 1414. ವಾಲೇ ಕ್ಯಾಂಟನ್ ಒಂದನ್ನು ಬಿಟ್ಟು ದೇಶದ ಯಾವ ಮೂಲೆಗಾದರೂ 15 ನಿಮಿಷದ ಹಾರಾಟದಲ್ಲಿ ತಲುಪುವ ಹಾಗೆ ನೆಲೆಗಳನ್ನು ಇಟ್ಟುಕೊಂಡಿದೆ. ಪೈಲಟ್, ತುರ್ತು ಚಿಕಿತ್ಸೆಯ ಡಾಕ್ಟರ್, ಪ್ಯಾರಾಮೆಡಿಕ್ ಮೂವರೂ ಒಟ್ಟಿಗೆ ಬರುತ್ತಾರೆ. ಮ್ಯೂರನ್ ಕಡೆಗೆ ಇಂಟರ್‌ಲಾಕನ್ ಪಕ್ಕದ ವಿಲ್ಡರ್ಸ್‌ವಿಲ್‌ನಲ್ಲಿ ರೇಗಾ ನೆಲೆ ಇದೆ. ಲೌಟರ್‌ಬ್ರುನ್ನನ್ ಕಣಿವೆಯಲ್ಲೇ ಏರ್-ಗ್ಲೇಸಿಯರ್ಸ್ ಎಂಬ ಇನ್ನೊಂದು ಕಂಪನಿಯ ನೆಲೆಯೂ ಇದೆ. ಜರ್ಮಾಟ್ ಇರೋದು ವಾಲೇ ಕ್ಯಾಂಟನ್‌ನಲ್ಲಿ, ಅಲ್ಲಿ ಹೆಲಿಕಾಪ್ಟರ್‌ಗೂ 144ಕ್ಕೇ ಕರೆ ಮಾಡಬೇಕು.

ದಾರಿಯಲ್ಲಿ ಕಂಡದ್ದು

ಗ್ರೂಚ್‌ಆಲ್ಪ್‌ನಿಂದ ಮ್ಯೂರನ್‌ಗೆ ಹೆಚ್ಚು ಏರಿಳಿತ ಇಲ್ಲದ ಕಾಲುದಾರಿ ಇದೆ. ಅಪ್ಪ ಆರಾಮಾಗಿ ನಡೆಯುತ್ತಿದ್ದರು. ನಮಗಿಂತ ಸ್ವಲ್ಪ ಮುಂದೆ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟಾಗಿ ಅಲುಗಾಡಲು ಆಗುತ್ತಿರಲಿಲ್ಲ.

ಆಮೇಲೆ ನಡೆದದ್ದು ನೋಡಿ ನಾನು ಬೆರಗಾದೆ. ಯಾರೂ ಕೂಗಾಡಲಿಲ್ಲ, ಅಜ್ಜಿಯನ್ನು ಎತ್ತಿ ಕೂರಿಸಲೂ ಹೋಗಲಿಲ್ಲ. ದಾರಿಹೋಕ ಹುಡುಗಿಯೊಬ್ಬಳು ಬ್ಯಾಗಿನಿಂದ ಫಾಯಿಲ್ ಹೊದಿಕೆ ತೆಗೆದು ಹೊದಿಸಿದಳು. ಇನ್ನೊಬ್ಬರು ಕರೆ ಮಾಡಿ, ಹಿಂದೆ ದಾಟಿ ಬಂದ ಹಳದಿ ಫಲಕದಲ್ಲಿದ್ದ ಜಾಗದ ಹೆಸರು ಹೇಳಿದರು. ಮತ್ತೊಬ್ಬರು ನಮ್ಮೆಲ್ಲರ ಟೋಪಿ, ಜಾಕೆಟ್ ಬ್ಯಾಗಿಗೆ ಹಾಕಿಸಿದರು, ರೆಕ್ಕೆಯ ಗಾಳಿಗೆ ಹಾರದಿರಲಿ ಅಂತ. ಹೆಲಿಕಾಪ್ಟರ್ ಕಂಡಾಗ ಅಜ್ಜಿಯ ಗಂಡ ಎರಡೂ ಕೈ ಮೇಲೆತ್ತಿ ಇಂಗ್ಲಿಷಿನ ವೈ ಅಕ್ಷರದ ಹಾಗೆ ನಿಂತರು. ಅದರರ್ಥ, ಹೌದು, ನಮಗೇ ಸಹಾಯ ಬೇಕು. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇದ್ದರೆ ಬೇಡ ಎಂದು.

ಕರೆ ಮಾಡಿ ಇಪ್ಪತ್ತು ನಿಮಿಷದೊಳಗೆ ಡಾಕ್ಟರ್ ಅಜ್ಜಿಯ ಪಕ್ಕ ಮಂಡಿಯೂರಿ ಕೂತಿದ್ದರು. ಅಪ್ಪ ಬೆಂಚಿನ ಮೇಲೆ ಕೂತು ಎಲ್ಲ ನೋಡಿ, ಮೆಲ್ಲಗೆ ಕೇಳಿದ್ದು ಒಂದೇ: "ಇದಕ್ಕೆ ಎಷ್ಟಾಗ್ತದೋ ಮಾರಾಯ?"

ಅಲ್ಲಿನವರಿಗೆ ಇದೆಲ್ಲ ಹೇಗೆ ಗೊತ್ತು ಅಂತ ಸೋಮವಾರ ಆಫೀಸಿನಲ್ಲಿ ಕೇಳಿದೆ. ಟೀಮ್‌ನ ಸ್ವಿಸ್ ಗೆಳೆಯ ನಕ್ಕ. ಕಾರಿನ ಲರ್ನರ್ ಲೈಸೆನ್ಸ್ ಬೇಕು ಅಂದರೆ 10 ಗಂಟೆಯ ಪ್ರಥಮ ಚಿಕಿತ್ಸೆ ಕೋರ್ಸ್ ಮಾಡಲೇಬೇಕಂತೆ. ಅಂದರೆ ಡ್ರೈವಿಂಗ್ ಕಲಿತ ಹೆಚ್ಚುಕಡಿಮೆ ಎಲ್ಲರೂ ಒಮ್ಮೆಯಾದರೂ ಸಿಪಿಆರ್ ಅಭ್ಯಾಸ ಮಾಡಿರುತ್ತಾರೆ. ಟಿಚೀನೊ, ಬರ್ನ್‌ನಂಥ ಕ್ಯಾಂಟನ್‌ಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಯಾರಿಗಾದರೂ ಹೃದಯ ನಿಂತಿದೆ ಅಂತ ಕರೆ ಬಂದರೆ, ಆಂಬುಲೆನ್ಸ್ ಹೊರಡುವಾಗಲೇ ಹತ್ತಿರದ ತರಬೇತಾದ ಸ್ವಯಂಸೇವಕರ ಫೋನಿಗೂ ಸುದ್ದಿ ಹೋಗುತ್ತೆ. ಹೃದಯ ನಿಂತ ಮೇಲೆ ಏನೂ ಮಾಡದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಸುಮಾರು ಶೇ. 10ರಷ್ಟು ಇಳಿಯುತ್ತದೆ. ಆ ಲೆಕ್ಕದಲ್ಲಿ 15 ನಿಮಿಷದ ಹೆಲಿಕಾಪ್ಟರ್ ಕೂಡ ತಡವೇ. ಪಕ್ಕದ ಮನೆಯವರು ಬಂದರೆ ಮಾತ್ರ ಉಳಿಯೋದು.

ಅಪ್ಪನ ಪ್ರಶ್ನೆಗೆ ಉತ್ತರ

ಎಷ್ಟಾಗುತ್ತೆ? ಬಹಳ ಆಗುತ್ತೆ. ನಮ್ಮಲ್ಲಿ 2008ರ ನವೆಂಬರ್ 1ರಂದು ಶುರುವಾದ ಆರೋಗ್ಯ ಕವಚ 108ಕ್ಕೆ ಕರೆ ಮಾಡಿದರೆ ಯಾರೂ ದುಡ್ಡು ಕೇಳುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಆಂಬುಲೆನ್ಸ್ ಬಿಲ್ ಮನೆಗೆ ಬರುತ್ತದೆ, ಸಾವಿರ ಫ್ರಾಂಕ್ ಮುಟ್ಟಿದರೂ ಆಶ್ಚರ್ಯವಿಲ್ಲ. ಒಂದು ಫ್ರಾಂಕ್ ಅಂದರೆ ನೂರು ರೂಪಾಯಿಗಿಂತ ಹೆಚ್ಚೇ ಲೆಕ್ಕ ಹಾಕಿ. ಅಲ್ಲಿನ ಕಡ್ಡಾಯ ಆರೋಗ್ಯ ವಿಮೆ ಸಾಗಣೆ ಖರ್ಚಿನ ಅರ್ಧ ಕೊಡುತ್ತೆ, ಅದೂ ವರ್ಷಕ್ಕೆ 500 ಫ್ರಾಂಕ್ ಮಿತಿ. ಪ್ರಾಣಾಪಾಯದಿಂದ ಪಾರು ಮಾಡುವ ಕೆಲಸಕ್ಕೂ ಅರ್ಧವೇ, ಮಿತಿ 5,000 ಫ್ರಾಂಕ್. ಉಳಿದದ್ದಕ್ಕೆ ಬೇರೆ ವಿಮೆ ಇರಬೇಕು, ಇಲ್ಲದಿದ್ದರೆ ಕೈಯಿಂದ. "ಎದೆನೋವು ಬಂದರೂ ಮೊದಲು ಟ್ಯಾಕ್ಸಿ ಯೋಚನೆ ಮಾಡೋರು ಇದ್ದಾರೆ" ಅಂದ ಅದೇ ಗೆಳೆಯ. ಇಷ್ಟು ಶ್ರೀಮಂತ ದೇಶದಲ್ಲೂ ಈ ಮಾತು ಕೇಳಬೇಕಾಯಿತಲ್ಲ ಅನ್ನಿಸಿತು.

ಇದಕ್ಕೆ ಜನರೇ ಕಂಡುಕೊಂಡ ಒಂದು ದಾರಿ ರೇಗಾದ ಪೋಷಕ ಸದಸ್ಯತ್ವ. ಒಬ್ಬರಿಗೆ ವರ್ಷಕ್ಕೆ 40 ಫ್ರಾಂಕ್. ಇದು ವಿಮೆಯಲ್ಲ. ಆದರೆ ವಿಮೆ ಕೊಡದ ಖರ್ಚನ್ನು ಸದಸ್ಯರಿಗೆ ರೇಗಾ ಮನ್ನಾ ಮಾಡಬಹುದು. ಸುಮಾರು 90 ಲಕ್ಷ ಜನಸಂಖ್ಯೆಯ ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಸಂಸ್ಥೆಯ ಖರ್ಚಿನ ದೊಡ್ಡ ಪಾಲು ಈ ಹಣದಿಂದಲೇ. ಬೆಟ್ಟದ ಹುಲ್ಲುಗಾವಲಿನಲ್ಲಿ ಕಾಲು ಮುರಿದುಕೊಂಡ ರೈತರ ಹಸುಗಳನ್ನೂ ರೇಗಾ ಹೆಲಿಕಾಪ್ಟರ್‌ಗೆ ನೇತುಹಾಕಿ ಕೆಳಗೆ ತರುತ್ತದೆ ಅಂದಾಗ ಅಮ್ಮ ನಂಬಲೇ ಇಲ್ಲ. ವಿಡಿಯೊ ತೋರಿಸಬೇಕಾಯಿತು.

ಇಷ್ಟಾದರೂ ಮಿತಿ ಇದ್ದೇ ಇದೆ. ದಟ್ಟ ಮಂಜು, ಬಿರುಗಾಳಿ ಇದ್ದರೆ ಹೆಲಿಕಾಪ್ಟರ್ ಹಾರಲಾಗದು. ಆಗ ಕೇಬಲ್ ಕಾರ್, ರಸ್ತೆ, ಸ್ಟ್ರೆಚರ್ ಹೊರುವ ಪರ್ವತ ರಕ್ಷಣಾ ತಂಡ, ಇವೇ ಗತಿ. ಮಳೆಗಾಲದ ಆಗುಂಬೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೊಡ್ಡವರನ್ನು ಕರೆದುಕೊಂಡು ಹೋಗುವವರಿಗೆ

* ಶೆಂಗೆನ್ ವೀಸಾಗೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಬೇಕು. ಎಲ್ಲರೂ ಅಗ್ಗದ್ದೇ ಆರಿಸ್ತಾರೆ. ಬಿಪಿ, ಶುಗರ್, ಸ್ಟೆಂಟ್ ಇದ್ದರೆ ಮುಚ್ಚಿಡದೆ ಬರೆಯಿರಿ. ಈಗಾಗಲೇ ಇರುವ ಕಾಯಿಲೆಗೆ, ಹೆಲಿಕಾಪ್ಟರ್ ಸಾಗಣೆಗೆ ಪಾಲಿಸಿ ಕೊಡುತ್ತಾ ಓದಿ ನೋಡಿ. ನಾನು ಅಪ್ಪನಿಗೆ ಜಾಸ್ತಿ ದುಡ್ಡು ಕೊಟ್ಟು ಬೇರೆ ಪಾಲಿಸಿ ತಗೊಂಡೆ.

* ಯುಂಗ್‌ಫ್ರೌಯೋಕ್ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದ ಮೂರನೇ ಎರಡರಷ್ಟು ಮಾತ್ರ ಅಲ್ಲಿ. ಹೃದಯದ ತೊಂದರೆ ಇದ್ದವರು ಊರಲ್ಲೇ ಡಾಕ್ಟರನ್ನು ಕೇಳಿ ಬರಲಿ. ನಮ್ಮ ಡಾಕ್ಟರು "ಹೋಗಿ, ಆದರೆ ನಿಧಾನ, ಜಾಸ್ತಿ ಹೊತ್ತು ಬೇಡ" ಅಂದಿದ್ದರು. ಹಾಗೇ ಮಾಡಿದೆವು.

* ಕಾಲುದಾರಿಯ ಹಳದಿ ಫಲಕಗಳಲ್ಲಿ ಜಾಗದ ಹೆಸರು, ಎತ್ತರ ಇರುತ್ತೆ. ದಾಟುವಾಗೆಲ್ಲ ಫೋಟೊ ತೆಗೆದಿಡಿ. ರೇಗಾ ಆ್ಯಪ್ ಹಾಕಿಕೊಂಡರೆ ಕರೆಯ ಜೊತೆಗೇ ನಿಮ್ಮ ಲೊಕೇಶನ್ ಹೋಗುತ್ತೆ.

* ಮಾತ್ರೆಗಳ ಹೆಸರು, ಕಾಯಿಲೆ, ವಿಮೆ ನಂಬರ್ ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ ದೊಡ್ಡವರ ಜೇಬಿನಲ್ಲೇ ಇರಲಿ. ನಿಮ್ಮ ಫೋನಿನಲ್ಲಿದ್ದರೆ ಸಾಲದು.

* ಹೊರಡುವ ಮುಂಚೆ ಒಂದು ದಿನ ಸಿಪಿಆರ್ ಕಲಿಯಿರಿ. ಇದು ಸ್ವಿಟ್ಜರ್ಲೆಂಡಿಗಿಂತ ನಮ್ಮೂರಲ್ಲೇ ಹೆಚ್ಚು ಉಪಯೋಗಕ್ಕೆ ಬರಬಹುದು.

ಹೆಲಿಕಾಪ್ಟರ್ ಕೊಳ್ಳುವುದು ನಮ್ಮ ಕೈಲಿಲ್ಲ. ಹತ್ತು ಗಂಟೆಯ ಕೋರ್ಸ್ ಇದೆ. ಈ ಸಲ ರಜೆಗೆ ಊರಿಗೆ ಹೋದಾಗ ನಮ್ಮ ಕೇರಿಯ ಹುಡುಗರಿಗೆ ಸಿಪಿಆರ್ ತರಬೇತಿ ಕೊಡಿಸಲು ತಾಲ್ಲೂಕಿನ ಡಾಕ್ಟರೊಬ್ಬರನ್ನು ಒಪ್ಪಿಸಿದ್ದೇನೆ. ಹೆಸರು ಬರೆಸಿದವರಲ್ಲಿ ಮೊದಲನೆಯವರು ಅವತ್ತು ಜೀಪ್ ಓಡಿಸಿದ ಪಕ್ಕದ ಮನೆಯ ಅಣ್ಣ.