ದಂತಯಾತ್ರೆ

ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ವೆಂಬ ಹೆಸರೊಂದುಂಟು. ಹಾಲುಹಲ್ಲಾಗಿ ಒಮ್ಮೆ, ಅದು ಬಿದ್ದ ಮೇಲೆ ಸ್ಥಿರದಂತವಾಗಿ ಇನ್ನೊಮ್ಮೆ, ಹೀಗೆ ಎರಡು ಸಲ ಹುಟ್ಟುವುದರಿಂದ ಆ ಹೆಸರು ಸಾರ್ಥಕವಾಯಿತು. ಹಕ್ಕಿಗೂ ಅದೇ ಹೆಸರು, ಉಪನೀತನಾದವನಿಗೂ ಅದೇ ಹೆಸರು. ಆದರೆ ಮೂರನೆಯ ಜನ್ಮವೊಂದನ್ನು ಯಾವ ಕೋಶಕಾರನೂ ಹಲ್ಲಿಗೆ ಹೇಳಲಿಲ್ಲ. ಎರಡನೆಯ ಸಲ ಬಿದ್ದದ್ದು ಬಿದ್ದಂತೆಯೇ. ಮುದುಕರು ಅವಲಕ್ಕಿಯನ್ನು ನೆನೆಸಿ ತಿನ್ನುತ್ತಿದ್ದರು, ಎಲೆಯಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಸಿಕೊಳ್ಳುತ್ತಿದ್ದರು. ಅಷ್ಟರಿಂದ ಅವರ ವ್ಯವಹಾರವು ಸಾಗುತ್ತಿತ್ತು. ಈಗ ಆ ಮೂರನೆಯ ಜನ್ಮವೂ ಸಾಧ್ಯವಾಗಿದೆ. ಅದಕ್ಕೆ ಬೇಕಾದವು ಲೋಹ, ಹಣ ಮತ್ತು ಕಾಲ. ಲೋಹವು ಎಲ್ಲ ದೇಶಗಳಲ್ಲಿಯೂ ಒಂದೇ. ಹಣದ ಲೆಕ್ಕವು ದೇಶದಿಂದ ದೇಶಕ್ಕೆ ಬೇರೆ. ಈ ವ್ಯತ್ಯಾಸವನ್ನು ಕಂಡುಕೊಂಡ ಧನಿಕ ದೇಶಗಳ ಪ್ರಜೆಗಳು ಹಲ್ಲು ಕಟ್ಟಿಸಿಕೊಳ್ಳುವುದಕ್ಕೆಂದು ಗಡಿಯನ್ನು ದಾಟಿ ಹೊರಡುತ್ತಾರೆ, ಹೋದಲ್ಲಿ ನಾಲ್ಕು ದಿನ ವಿಹಾರವನ್ನೂ ಮಾಡಿ ಬರುತ್ತಾರೆ. ಕಾಲದ ಮಾತು ಮಾತ್ರ ಹೊರಡುವಾಗ ಬಹುಮಂದಿಗೆ ನೆನಪಾಗುವುದಿಲ್ಲ.

ಅಮೆರಿಕಾ ಸಂಯುಕ್ತ ಸಂಸ್ಥಾನದ ನೈರುತ್ಯ ಮೂಲೆಯಲ್ಲಿ, ಅರಿಝೋನಾ ಪ್ರಾಂತದ ಯೂಮಾ ಪಟ್ಟಣದ ಸಮೀಪದಲ್ಲಿ, ಮೆಕ್ಸಿಕೋ ದೇಶಕ್ಕೆ ಸೇರಿದ ಲಾಸ್ ಆಲ್ಗೊಡೋನೆಸ್ ಎಂಬ ಸಣ್ಣ ಊರೊಂದಿದೆ. ಊರಿನ ಜನಸಂಖ್ಯೆ ಕೆಲವೇ ಸಾವಿರ. ದಂತವೈದ್ಯರು ಮಾತ್ರ ನೂರಾರು ಮಂದಿ. ಅಮೆರಿಕದವರು ಇದಕ್ಕೆ ‘ಮೋಲರ್ ಸಿಟಿ’, ಎಂದರೆ ದವಡೆಹಲ್ಲಿನ ಪಟ್ಟಣ, ಎಂದು ಅಡ್ಡಹೆಸರಿಟ್ಟಿದ್ದಾರೆ. ಗಡಿಯ ಈಚೆ, ಕ್ವೆಚಾನ್ ಎಂಬ ಮೂಲನಿವಾಸಿ ಜನಾಂಗದವರು ನಡೆಸುವ ಬಯಲಿನಲ್ಲಿ ಮೋಟಾರನ್ನು ನಿಲ್ಲಿಸಿ, ಕಾಲ್ನಡೆಯಲ್ಲಿಯೇ ಪರದೇಶವನ್ನು ಪ್ರವೇಶಿಸಬಹುದು. ನಾಲ್ಕು ಹೆಜ್ಜೆ ಹೋದರೆ ಔಷಧದ ಅಂಗಡಿ, ಕನ್ನಡಕದ ಅಂಗಡಿ, ಉಳಿದಂತೆ ಎಲ್ಲೆಲ್ಲಿಯೂ ಹಲ್ಲಿನ ಚಿತ್ರ ಬರೆದ ಹಲಗೆಗಳು. ಚಳಿಗಾಲದಲ್ಲಿ ಉತ್ತರದ ಹಿಮಪ್ರಾಂತಗಳಿಂದಲೂ ಕೆನಡಾದಿಂದಲೂ ವೃದ್ಧದಂಪತಿಗಳು ಬಿಸಿಲನ್ನು ಹುಡುಕಿಕೊಂಡು ಯೂಮಾಕ್ಕೆ ಬಂದು ಬೀಡುಬಿಡುವುದು ರೂಢಿ. ಅವರನ್ನು ಅಲ್ಲಿ ‘ಹಿಮಪಕ್ಷಿ’ಗಳೆಂದು ಕರೆಯುತ್ತಾರೆ. ದ್ವಿಜಗಳು ದ್ವಿಜಗಳಿಗಾಗಿ ವಲಸೆ ಬಂದಂತಾಯಿತು! ಊರಿನ ಹೆಸರಿಗೆ ಸ್ಪಾನಿಷ್ ಭಾಷೆಯಲ್ಲಿ ಹತ್ತಿಯೆಂದೇ ಅರ್ಥ. ಬೆಳಗ್ಗೆ ಹೋದವರು ಸಂಜೆ ಬಾಯಲ್ಲಿ ಹತ್ತಿಯ ಉಂಡೆಯನ್ನಿಟ್ಟುಕೊಂಡು, ಕೈಯಲ್ಲಿ ಪಾಸ್‌ಪೋರ್ಟನ್ನು ಹಿಡಿದು, ಹಿಂದಿರುಗುವ ಉದ್ದನೆಯ ಸಾಲಿನಲ್ಲಿ ಮೌನವಾಗಿ ನಿಂತಿರುತ್ತಾರೆ. ಅಧಿಕಾರಿಯು ಕೇಳಿದ ಪ್ರಶ್ನೆಗೆ ಅರ್ಧ ತಲೆಯಾಡಿಸಿ, ಅರ್ಧ ಸನ್ನೆಮಾಡಿ ಉತ್ತರಕೊಡಬೇಕು.

ಜಗತ್ತಿನ ಅತ್ಯಂತ ಧನಿಕ ರಾಷ್ಟ್ರದ ವೃದ್ಧರಿಗೆ ಈ ಪಾಡೇಕೆ ಬಂದಿತು? ಅಲ್ಲಿ 65 ವರ್ಷ ದಾಟಿದವರ ಚಿಕಿತ್ಸೆಗಾಗಿ ‘ಮೆಡಿಕೇರ್’ ಎಂಬ ಸರ್ಕಾರಿ ವಿಮೆಯು 1965ರಲ್ಲಿ ಶಾಸನವಾಯಿತು. ಹೃದಯ, ಮೂತ್ರಪಿಂಡ, ಮುರಿದ ಎಲುಬು ಎಲ್ಲವೂ ಅದರೊಳಗೆ ಬಂದವು. ಹಲ್ಲು ತುಂಬಿಸುವುದು, ಕೀಳುವುದು, ಕಟ್ಟುವುದು ಮಾತ್ರ ಹೊರಗುಳಿದವು. ಖಾಸಗಿ ಕಂಪನಿಗಳ ಮೂಲಕ ಆ ವಿಮೆಯನ್ನು ಪಡೆಯುವವರಲ್ಲಿ ಅನೇಕರಿಗೆ ಈಗ ಹಲ್ಲಿಗೂ ಒಂದಿಷ್ಟು ದೊರೆಯುವುದುಂಟು, ಆದರೆ ಅದಕ್ಕೆ ಮಿತಿಯಿದೆ. ಚರಕನು ದೇಹದ 360 ಅಸ್ಥಿಗಳನ್ನು ಎಣಿಸುವಾಗ 32 ಹಲ್ಲುಗಳನ್ನೂ, ಅವುಗಳ 32 ಗೂಡುಗಳನ್ನೂ ಸೇರಿಸಿಯೇ ಎಣಿಸಿದನು. ಅಮೆರಿಕದ ಶಾಸನಕರ್ತರ ಎಣಿಕೆಯಲ್ಲಿ ಬಾಯಿಯು ದೇಹದಿಂದ ಬೇರೆಯಾದ ಒಂದು ಆಸ್ತಿ. ಇಂಗ್ಲೆಂಡಿನ ಕಥೆ ಸ್ವಲ್ಪ ಭಿನ್ನ. 1948ರಲ್ಲಿ ಅಲ್ಲಿ ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಯು ಆರಂಭವಾದಾಗ ಹಲ್ಲು ಕಟ್ಟಿಸುವುದೂ ಉಚಿತವಾಗಿತ್ತು, ಜನರು ಮುಗಿಬಿದ್ದರು, ಮೂರೇ ವರ್ಷಗಳಲ್ಲಿ, 1951ರಲ್ಲಿ, ಕಟ್ಟಿಸಿದ ಹಲ್ಲಿಗೆ ಶುಲ್ಕ ಬಂದಿತು. ಇಂದು ಅನೇಕ ಊರುಗಳಲ್ಲಿ ಸರ್ಕಾರದ ಲೆಕ್ಕದಲ್ಲಿ ಹೊಸ ರೋಗಿಯನ್ನು ಸೇರಿಸಿಕೊಳ್ಳುವ ದಂತವೈದ್ಯನು ಸಿಕ್ಕುವುದೇ ಕಷ್ಟ. ಇಂತಹ ಕಡೆ ಹಲ್ಲುನೋವಿನಿಂದ ನರಳುವವನು ವಿಮಾನದ ದರವನ್ನು ವಿಚಾರಿಸಿದರೆ ಅವನನ್ನು ಲೋಭಿಯೆಂದು ಹಳಿಯುವುದು ನ್ಯಾಯವಲ್ಲ.

ಇಂಗ್ಲೆಂಡಿನಿಂದ ಹೊರಟವರಲ್ಲಿ ಬಹುಮಂದಿ ಸೇರುವ ಸ್ಥಳ ಹಂಗೆರಿ. ಆದರೆ ಅಲ್ಲಿಗೆ ಮೊದಲು ದಾರಿ ತೋರಿದವರು ನೆರೆಯ ಆಸ್ಟ್ರಿಯಾದವರು. 1989ರ ಆಗಸ್ಟ್ 19ರಂದು ಹಂಗೆರಿಯ ಶೋಪ್ರೋನ್ ಪಟ್ಟಣದ ಸಮೀಪದಲ್ಲಿ, ವನಭೋಜನದ ನೆಪದಲ್ಲಿ ಗಡಿಯ ಬಾಗಿಲು ಕೆಲವು ಗಂಟೆಗಳ ಕಾಲ ತೆರೆಯಿತು. ಪೂರ್ವ ಜರ್ಮನಿಯ ನೂರಾರು ಜನರು ಅದರೊಳಗೆ ನುಗ್ಗಿ ಪಶ್ಚಿಮಕ್ಕೆ ಪಾರಾದರು. ಪ್ರಾಣದ ಹಂಗು ತೊರೆದು ಪಶ್ಚಿಮಕ್ಕೆ ಓಡಿದ ಅದೇ ಗಡಿಯನ್ನು, ಮುಳ್ಳುತಂತಿ ಹೋದ ಮೇಲೆ, ಪಶ್ಚಿಮದವರು ಪೂರ್ವಕ್ಕೆ ದಾಟತೊಡಗಿದರು: ಹಲ್ಲು ತುಂಬಿಸಿಕೊಳ್ಳುವುದಕ್ಕೆ. ಶೋಪ್ರೋನ್, ಮೊಶೋನ್ಮಾಗ್ಯಾರೋವಾರ್ ಮೊದಲಾದ ಗಡಿಯೂರುಗಳಲ್ಲಿ ದಂತವೈದ್ಯರು ಒತ್ತೊತ್ತಾಗಿ ಮನೆಮಾಡಿದರು. ಅಗ್ಗವೆಂದರೆ ಕೀಳೆಂದು ತಿಳಿಯಕೂಡದು. ಬುಡಾಪೆಸ್ಟಿನ ಸೆಮ್ಮೆಲ್ವೈಸ್ ವಿಶ್ವವಿದ್ಯಾಲಯಕ್ಕೆ ಹೊರದೇಶಗಳಿಂದ ವಿದ್ಯಾರ್ಥಿಗಳು ದಂತವೈದ್ಯವನ್ನು ಕಲಿಯುವುದಕ್ಕೆ ಬರುತ್ತಾರೆ. ಕೈ ತೊಳೆದು ರೋಗಿಯನ್ನು ಮುಟ್ಟಿರೆಂದು 1847ರಲ್ಲಿ ವಿಯೆನ್ನಾದ ವೈದ್ಯರಿಗೆ ಬುದ್ಧಿ ಹೇಳಿ, ಅವರಿಂದ ತಿರಸ್ಕೃತನಾದ ಮಹಾನುಭಾವನ ಹೆಸರನ್ನೇ ಆ ವಿದ್ಯಾಲಯವು ಹೊತ್ತಿದೆ. ಅಲ್ಲಿ ಬಾಡಿಗೆ ಕಡಿಮೆ, ಸಂಬಳ ಕಡಿಮೆ, ಹಲ್ಲು ತಯಾರಿಸುವ ಕುಶಲಿಯ ಕೂಲಿ ಕಡಿಮೆ, ಬೆಲೆಯೂ ಕಡಿಮೆ. ಇದರಲ್ಲಿ ಮೋಸವೇನೂ ಇಲ್ಲ.

ತೊಡಕಿರುವುದು ಎಲುಬಿನಲ್ಲಿ. ಸ್ವೀಡನ್ ದೇಶದ ಬ್ರೋನೆಮಾರ್ಕ್ ಎಂಬ ವಿದ್ವಾಂಸನು 1950ರ ದಶಕದ ಆದಿಯಲ್ಲಿ ಮೊಲದ ಕಾಲಿನ ಎಲುಬಿನೊಳಗೆ ಟೈಟಾನಿಯಂ ಲೋಹದ ಸಣ್ಣ ಉಪಕರಣವನ್ನಿಟ್ಟು ರಕ್ತದ ಸಂಚಾರವನ್ನು ನೋಡುತ್ತಿದ್ದನು. ನೋಡುವ ಕೆಲಸ ಮುಗಿದ ಮೇಲೆ ತೆಗೆಯಹೋದರೆ ಉಪಕರಣವು ಬರಲಿಲ್ಲ. ಎಲುಬು ಲೋಹವನ್ನು ತನ್ನದೆಂದು ಅಪ್ಪಿಕೊಂಡಿತ್ತು. ಬೇರೊಬ್ಬನಾಗಿದ್ದರೆ ಉಪಕರಣ ಹಾಳಾಯಿತೆಂದು ಕೊರಗುತ್ತಿದ್ದನೇನೋ. ಇವನು ಅದನ್ನೇ ಹಿಡಿದು ಹೋಗಿ, 1965ರಲ್ಲಿ ಮನುಷ್ಯನೊಬ್ಬನ ದವಡೆಯಲ್ಲಿ ಟೈಟಾನಿಯಂ ಬೇರುಗಳನ್ನು ನೆಟ್ಟು ಅವುಗಳ ಮೇಲೆ ಹಲ್ಲುಗಳನ್ನು ನಿಲ್ಲಿಸಿದನು. ಆ ರೋಗಿಯು ನಲವತ್ತು ವರ್ಷಗಳಿಗೂ ಮೇಲ್ಪಟ್ಟು, ಸಾಯುವವರೆಗೆ, ಅವುಗಳಿಂದಲೇ ಊಟಮಾಡಿದನು. ಅಮೆರಿಕದ ಶಾಸನವು ಹಲ್ಲನ್ನು ದೇಹದಿಂದ ಹೊರಗಿಟ್ಟ ವರ್ಷವೇ ಸ್ವೀಡನ್ನಿನಲ್ಲಿ ಹಲ್ಲು ದೇಹಕ್ಕೆ ಮರಳಿ ಸೇರಿತೆಂಬುದು ಕಾಲದ ಒಂದು ಪರಿಹಾಸ್ಯ.

ಈ ಅಪ್ಪುಗೆಯು ತ್ವರೆಯಾಗಿ ಆಗತಕ್ಕದ್ದಲ್ಲ. ಇಂಪ್ಲಾಂಟ್ ಎಂಬ ಆ ಲೋಹದ ಬೇರನ್ನು ನೆಟ್ಟ ಮೇಲೆ ಎಲುಬು ಅದನ್ನು ಗಟ್ಟಿಯಾಗಿ ಹಿಡಿಯುವುದಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಎಲುಬು ಸವೆದಿದ್ದರೆ ಅದನ್ನು ಮೊದಲು ಬೆಳೆಸಬೇಕು. ಅದಕ್ಕೆ ಇನ್ನೂ ಕೆಲವು ತಿಂಗಳು. ಬತ್ತದ ಸಸಿಯನ್ನು ನೆಟ್ಟವನು ಮರುದಿನವೇ ಕುಡುಗೋಲನ್ನು ಹಿಡಿಯುವನೇ? ಪ್ರಾಮಾಣಿಕನಾದ ವೈದ್ಯನು ಎರಡು ಸಲ ಬರಬೇಕೆಂದು ಮೊದಲೇ ಹೇಳುತ್ತಾನೆ. ಒಂದೇ ಪಯಣದಲ್ಲಿ ನಗುಮುಖವನ್ನು ಕೊಟ್ಟು ಕಳುಹಿಸುವೆವೆನ್ನುವ ಜಾಹೀರಾತುಗಳೂ ಇವೆ. ಕೆಲವು ಬಾಯಿಗಳಲ್ಲಿ ತಾತ್ಕಾಲಿಕವಾದ ಹಲ್ಲನ್ನು ಆಗಲೇ ಕೂರಿಸಲೂಬಹುದು. ಆದರೆ ಒಳಗಿನ ಎಲುಬು ತನ್ನ ಲೆಕ್ಕದಂತೆಯೇ ನಡೆಯುತ್ತದೆ, ಟಿಕೆಟ್ಟಿನ ತಾರೀಖನ್ನು ನೋಡುವುದಿಲ್ಲ.

ಇನ್ನು ವಿಹಾರದ ಮಾತು. ಬುಡಾಪೆಸ್ಟಿನಲ್ಲಿ ನೆಲದಡಿಯಿಂದ ಬಿಸಿನೀರು ಉಕ್ಕುತ್ತದೆ. 1913ರಲ್ಲಿ ತೆರೆದ ಸೆಚೆನ್ಯಿ ಸ್ನಾನಗೃಹದಲ್ಲಿ, ಹೊರಗೆ ಹಿಮ ಬೀಳುತ್ತಿರುವಾಗಲೂ, ಜನರು ಕತ್ತಿನವರೆಗೆ ಬಿಸಿನೀರಿನಲ್ಲಿ ನಿಂತು ಚದುರಂಗವನ್ನು ಆಡುತ್ತಾರೆ. ಈ ಸುಖದ ಚಿತ್ರವನ್ನು ತೋರಿಸಿಯೇ ರೋಗಿಗಳನ್ನು ಕರೆಯುವುದು. ಆದರೆ ದವಡೆಯನ್ನು ಕೊರೆಸಿಕೊಂಡವನಿಗೆ ಮೊದಲ ದಿನಗಳಲ್ಲಿ ಬಿಸಿನೀರ ಸ್ನಾನ ಸಲ್ಲದು, ಮದ್ಯ ಸಲ್ಲದು, ಬಿಸಿಯಾದ ಸಾರು ಸಲ್ಲದು, ಶ್ರಮದ ನಡಿಗೆಯೂ ಸಲ್ಲದು. ಮೇಲಿನ ದವಡೆಯ ಹಿಂಭಾಗದಲ್ಲಿ, ಮೂಗಿನ ಪಕ್ಕದ ಪೊಳ್ಳಿನ ತಳವನ್ನು ಎತ್ತಿ ಎಲುಬನ್ನು ತುಂಬಿದ್ದರೆ, ಗಾಳಿಯೊತ್ತಡದ ಏರಿಳಿತದ ಭಯದಿಂದ ಕೆಲವು ಕಾಲ ವಿಮಾನವೂ ಸಲ್ಲದು. ಊದಿದ ಕೆನ್ನೆಯ ಮೇಲೆ ಮಂಜುಗಡ್ಡೆಯ ಚೀಲವನ್ನೊತ್ತಿಕೊಂಡು, ಹೊಟೆಲಿನ ಕಿಟಕಿಯಿಂದ ಡ್ಯಾನ್ಯೂಬ್ ನದಿಯನ್ನು ನೋಡುತ್ತಾ, ತಣ್ಣನೆಯ ಗಂಜಿಯಂತಹದನ್ನು ಚಮಚದಿಂದ ನುಂಗುವುದು ಈ ವಿಹಾರದ ನಿಜವಾದ ಸ್ವರೂಪ. ಹೆಂಡತಿಯು ಜೊತೆಯಲ್ಲಿ ಬಂದಿದ್ದರೆ ಅವಳು ಮಾತ್ರ ಊರನ್ನು ನೋಡಿ ಬಂದು ವರ್ಣಿಸುತ್ತಾಳೆ.

ಮುದುಕರ ಯಾತ್ರೆಗೆ ನೋವಾದರೂ ಕಾರಣವಾಗಿದೆ. ತುರ್ಕಿಯ ಅಂತಾಲ್ಯ, ಇಸ್ತಾಂಬುಲ್ ನಗರಗಳಿಗೆ ಹೋಗುವ ತರುಣರ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಸಾಲಾಗಿ, ಬಿಳುಪಾಗಿ ಕಾಣಬೇಕೆಂಬ ಒಂದೇ ಆಸೆಯಿಂದ, ಗಟ್ಟಿಯಾದ ಹಲ್ಲುಗಳನ್ನೇ ಮೊಳೆಗಳಂತೆ ಅರೆಸಿ ಅವುಗಳ ಮೇಲೆ ಕ್ಯಾಪ್ ತೊಡಿಸಿಕೊಂಡು ಬರುತ್ತಾರೆ. ಇಂಗ್ಲೆಂಡಿನಲ್ಲಿ ಇವಕ್ಕೆ ‘ತುರ್ಕಿ ಹಲ್ಲು’ ಎಂದೇ ಹೆಸರು. ಹಲ್ಲಿನ ಹೊರಕವಚವಾದ ಎನಾಮಲನ್ನು ನಿರ್ಮಿಸುವ ಕಣಗಳು ಹಲ್ಲು ಮೂಡುವುದರೊಳಗಾಗಿಯೇ ನಶಿಸಿಹೋಗುವುದರಿಂದ ಅರೆದದ್ದು ಮತ್ತೆ ಬೆಳೆಯುವುದಿಲ್ಲ. ಇಪ್ಪತ್ತು ವರ್ಷದವನ ಕ್ಯಾಪ್ ಅವನ ಆಯುಷ್ಯದಲ್ಲಿ ಎಷ್ಟು ಸಲ ಬದಲಾಗಬೇಕಾದೀತೋ! ಒಳಗೆ ನರ ಸತ್ತು ಕೀವು ಕಟ್ಟಿದ ರಾತ್ರಿ, ಅರೆದ ಕೈ ಎರಡು ಸಾವಿರ ಮೈಲಿ ದೂರದಲ್ಲಿರುತ್ತದೆ. ಬೇರೊಬ್ಬನು ಮಾಡಿದ ಕೆಲಸವನ್ನು ಮುಟ್ಟಲು ಊರಿನ ವೈದ್ಯನು ಹಿಂಜರಿಯುತ್ತಾನೆ. ಯಾವ ಕಂಪನಿಯ ಇಂಪ್ಲಾಂಟ್, ಯಾವ ಅಳತೆ ಎಂಬುದನ್ನು ಬರೆದ ಕಾಗದವೂ ಎಕ್ಸ್-ರೇ ಚಿತ್ರವೂ ಇಲ್ಲದಿದ್ದರೆ ಅವನಿಗೆ ಸರಿಯಾದ ತಿರುಪುಳಿಯನ್ನು ಆರಿಸುವುದೂ ಕಷ್ಟ.

ಕನ್ನಡಿಗರಿಗೂ ಈ ಯಾತ್ರೆಯ ಪರಿಚಯ ಬೇರೊಂದು ರೀತಿಯಲ್ಲಿ ಉಂಟು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿಯೂ ಮಣಿಪಾಲದ್ದು 1965ರಲ್ಲಿಯೂ ಆರಂಭವಾಗಿ, ಅವುಗಳ ಹಿಂದೆ ಇನ್ನೂ ಅನೇಕ ಕಾಲೇಜುಗಳು ಎದ್ದುದರಿಂದ, ಈ ನಾಡಿನಲ್ಲಿ ದಂತವೈದ್ಯರಿಗೆ ಬರವಿಲ್ಲ. ಅಮೆರಿಕದಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ಇರುವ ಮಗನು ಅಲ್ಲಿ ಹಲ್ಲು ನೊಂದರೂ ಸಹಿಸಿಕೊಂಡು, ಮೂರು ವಾರದ ರಜೆಯಲ್ಲಿ ಊರಿಗೆ ಬಂದಾಗ ವೈದ್ಯನಲ್ಲಿಗೆ ಓಡುತ್ತಾನೆ. ಇವನದು ಅಪರಿಚಿತನ ಬಾಗಿಲಲ್ಲ; ಬಾಲ್ಯದಲ್ಲಿ ಇವನ ಹಾಲುಹಲ್ಲನ್ನು ಕಿತ್ತವನೇ ಇಂದಿಗೂ ಇಕ್ಕಳವನ್ನು ಹಿಡಿದಿರಬಹುದು, ದೂರವಾಣಿಯಲ್ಲಿ ಕೇಳಿದರೆ ಉತ್ತರವನ್ನೂ ಹೇಳುವನು. ಆದರೆ ಮೊದಲ ವಾರ ತಂಗಿಯ ಮದುವೆ, ಎರಡನೆಯದರಲ್ಲಿ ಕುಲದೇವರ ದರ್ಶನ. ಮೂರನೆಯ ವಾರದಲ್ಲಿ ರೂಟ್ ಕೆನಾಲ್ ಆರಂಭವಾಗಿ, ಅಳತೆಯನ್ನು ತೆಗೆದು, ಕ್ಯಾಪ್ ತಯಾರಾಗಿ ಬರುವುದರೊಳಗೆ ವಿಮಾನದ ದಿನ ಬಂದಿರುತ್ತದೆ. ತಾಯಿಯು ಕಟ್ಟಿಕೊಟ್ಟ ಚಕ್ಕುಲಿ, ಕೋಡುಬಳೆಗಳ ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ತಾತ್ಕಾಲಿಕ ಸಿಮೆಂಟು ತುಂಬಿದ ಹಲ್ಲಿನೊಡನೆ ಅವನು ಹೊರಡುತ್ತಾನೆ. ಮುಂದಿನ ರಜೆಯವರೆಗೆ ಎಡಪಕ್ಕದಲ್ಲಿ ಮಾತ್ರ ಅಗಿಯುತ್ತಾನೆ.